ಹನ್ನೊಂದು ಸಲಹೆ, ಹತ್ತೊಂಬತ್ತು ಕೋಟು

ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ, ಹೆಂಡತಿ ಹೊಲಿಗೆ ಯಂತ್ರದ ಸೂಜಿಗೆ ದಾರ ಪೋಣಿಸುತ್ತಿದ್ದಾಗ, ಪಕ್ಕದ ಕಂಪ್ಯೂಟರಿನ ಪರದೆಯ ಮೇಲೆ ಎಂದಿನ ಎಚ್ಚರಿಕೆ ಮೂಡಿತು: ಈ ಆಪರೇಟಿಂಗ್ ಸಿಸ್ಟಮ್ ಹಳತಾಗಿದೆ, ಕೂಡಲೇ ಬದಲಿಸಿ. ಎಂಟು ತಿಂಗಳಿಂದ ದಿನಕ್ಕೊಮ್ಮೆ ಬರುತ್ತಿದ್ದ ಎಚ್ಚರಿಕೆ ಅದು. ಬಾಗಿಲಿಗೆ ಬಂದ ಮಾರಾಟಗಾರನನ್ನು ಸಾಗಹಾಕುವಂತೆ ಅವಳು ಅದನ್ನು ಮುಚ್ಚಿದಳು.

ಬಾಗಿಲಲ್ಲಿ ನಿಂತಿದ್ದ ಗಂಡ ಅದನ್ನು ಕಂಡರು. ಅವರು ನೀರು ಸರಬರಾಜು ಕಚೇರಿಯಲ್ಲಿ ದಾಖಲೆ ವಿಭಾಗದ ಮೇಲ್ವಿಚಾರಕರು. ಕಚೇರಿಯ ಹದಿನಾಲ್ಕು ಕಂಪ್ಯೂಟರುಗಳನ್ನು ಹೊಸ ಸಿಸ್ಟಮ್ಮಿಗೆ ಬದಲಿಸಿದ ಮಹಾಕಾರ್ಯ ಹೋದ ತಿಂಗಳು ಅವರ ಸಾರಥ್ಯದಲ್ಲೇ ನಡೆದಿತ್ತು. ಒಂದು ದಿನದ ತರಬೇತಿಯಲ್ಲಿ ಕೊಟ್ಟ ಹನ್ನೊಂದು ಸಲಹೆಗಳ ಹಾಳೆಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಚೀಲದಲ್ಲೇ ಇಟ್ಟುಕೊಂಡಿದ್ದರು. ಬಸ್ಸಿನಲ್ಲಿ ಪಕ್ಕ ಕೂತವರು ಮೂರನೆಯ ಸಲಹೆಯ ತನಕ ಕೇಳಿ, ತಮ್ಮ ಸ್ಟಾಪು ಬರುವ ಮೊದಲೇ ಇಳಿದುಹೋದದ್ದುಂಟು.

"ಇವತ್ತು ಇದಕ್ಕೊಂದು ಗತಿ ಕಾಣಿಸ್ತೀನಿ!" ಎಂದರು ಮೇಲ್ವಿಚಾರಕರು.

"ಮುಟ್ಟಬೇಡಿ. ನಾಳೆ ಅಗ್ನಿಶಾಮಕ ಠಾಣೆಯವರ ಕೋಟಿನ ಬಟ್ಟೆ ಕತ್ತರಿಸ್ಬೇಕು. ಮುಂದಿನ ವಾರ ನೋಡೋಣ."

"ಊಟದ ಹೊತ್ತಿಗೆ ಮುಗಿಸ್ತೀನಿ. ಒಂದೇ ಒಂದು ಫೈಲು ಹೋದ್ರೆ ನನ್ನ ಹೆಸರು ಬದಲಾಯಿಸು! ಹಳತಾಗಿದ್ದನ್ನ ಹಳತು ಅಂತ ಒಪ್ಕೋಬೇಕು ಕಣೇ. ಹಳತಾಗದೇ ಇರೋದು ಅಂದ್ರೆ ಇದು ನೋಡು!" ಅವರು ಪ್ಯಾಂಟಿನ ಸೊಂಟಪಟ್ಟಿ ತಟ್ಟಿಕೊಂಡರು. ಅದರ ಒಳಮಗ್ಗುಲಿಗೆ ಹೆಂಡತಿ ತನ್ನ ಕೈಯಾರೆ ಹೊಲಿದ ಪುಟ್ಟ ಚೀಟಿಯಲ್ಲಿ ೩೮ ಎಂದಿತ್ತು. "ಹತ್ತು ವರ್ಷದಿಂದ ಮೂವತ್ತೆಂಟು. ಒಂದು ನೂಲೂ ಆಚೀಚೆ ಆಗಿಲ್ಲ."

ಕಿಟಕಿಯ ಬಳಿ ಗುಂಡಿಯ ಕಾಜಾ ಹೊಲಿಯುತ್ತಿದ್ದ ಅತ್ತೆಗೆ, ಅಂದರೆ ಹೆಂಡತಿಯ ತಾಯಿಗೆ, ಅದೇಕೋ ಕೆಮ್ಮು ಬಂತು.

ಹೊಲಿಗೆ ಕೋಣೆಗೆ ಬಂದ ಮೊದಲ ದೊಡ್ಡ ಕೆಲಸ ಆ ಕೋಟುಗಳದ್ದು. ಠಾಣೆಯ ಹತ್ತೊಂಬತ್ತು ಮಂದಿ ಶನಿವಾರ ಅವನ್ನು ತೊಟ್ಟು ಕವಾಯತಿಗೆ ನಿಲ್ಲಬೇಕು. ಬಟ್ಟೆ ಅಳೆದು ತೂಗಿ ಬಂದಿತ್ತು. ಒಂದು ತೋಳು ತಪ್ಪಿದರೂ ಬದಲಿ ಇಲ್ಲ. ಅಳತೆ ಕೊಟ್ಟ ಮರುದಿನವೇ ಹನ್ನೆರಡು ಮಂದಿ ದೂರದ ತರಬೇತಿ ಶಿಬಿರಕ್ಕೆ ಹೋಗಿದ್ದರು. ಬರುವುದು ಶುಕ್ರವಾರ.

ಹೆಂಡತಿ ಕೋಟಿನ ಒಳಮೈಗೆ ಅಸ್ತರಿನ ಬಟ್ಟೆ ತರಲು ಹೊರಗೆ ಹೋದಳು. ಮೇಲ್ವಿಚಾರಕರು ಹಾಳೆ ಹೊರತೆಗೆದರು.

ಮೊದಲ ಸಲಹೆ: ಎಲ್ಲ ಫೈಲುಗಳ ಪ್ರತಿ ತೆಗೆದಿಡಿ. ತೆಗೆದಿಟ್ಟರು, ಎರಡು ಕಡೆ. ಎರಡನೆಯದು: ಎಣಿಸಿಕೊಳ್ಳಿ. ಇನ್ನೂರ ಮೂವತ್ತೊಂದು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಒಂಬತ್ತನೆಯದಕ್ಕೆ ಬಂದರು: ಹಳೆಯದನ್ನು ಪೂರ್ತಿ ಅಳಿಸಿ. "ಖಚಿತವೇ?" ಎಂದು ಕಂಪ್ಯೂಟರ್ ಎರಡು ಸಲ ಕೇಳಿತು. ಆ ಮನೆಯಲ್ಲಿ ಅವರ ಅಭಿಪ್ರಾಯವನ್ನು ಎರಡೆರಡು ಸಲ ಕೇಳಿದ ಮೊದಲ ಜೀವ ಅದು! ಎರಡು ಸಲವೂ ಹೌದೆಂದರು.

"ಅಳಿಯಂದಿರೇ, ಅವಳು ಬೇಡ ಅಂದಿದ್ದಳು" ಎಂದರು ಅತ್ತೆ.

"ಬಂದು ನೋಡಿದ ಮೇಲೆ ಭೇಷ್ ಅಂತಾಳೆ, ಸುಮ್ನಿರಿ ಅತ್ತೆ."

ಹನ್ನೆರಡೂವರೆಗೆ ಹೆಂಡತಿ ಬಂದಾಗ ಹೊಸ ಪರದೆ ತೊಳೆದಿಟ್ಟ ಗಾಜಿನಂತೆ ಹೊಳೆಯುತ್ತಿತ್ತು. ಎಡಬದಿಯಲ್ಲಿ ಇನ್ನೂರ ಮೂವತ್ತೊಂದು ಫೈಲುಗಳು ಶಿಸ್ತಾಗಿ ನಿಂತಿದ್ದವು: ಹೊಸ ದಾಖಲೆ 1, ಹೊಸ ದಾಖಲೆ 10, ಹೊಸ ದಾಖಲೆ 100. ಮೊದಲ ಅಂಕಿ ನೋಡಿ ನಿಂತ ಸಾಲು ಅದು; ಎಂಬತ್ತರ ಸರದಿ ಇನ್ನೂರರ ನಂತರ.

ಅವಳು ಭೇಷ್ ಅನ್ನಲಿಲ್ಲ. ಕೈಯ ಗಂಟು ಕೆಳಗಿಟ್ಟು ಕೇಳಿದಳು: "ನನ್ನ ಮೊಳೆಗಳೆಲ್ಲಿ?"

ಮೊಳೆಯ ಕಥೆ ಮೇಲ್ವಿಚಾರಕರಿಗೆ ತಿಳಿದದ್ದು ಆಗಲೇ, ಮದುವೆಯಾದ ಹದಿನೆಂಟನೆಯ ವರ್ಷದಲ್ಲಿ. ಅವಳ ತಂದೆಯೂ ದರ್ಜಿ. ಅಳತೆಯ ಚೀಟಿಗಳ ಮೇಲೆ ಅವರೆಂದೂ ಹೆಸರು ಬರೆದವರಲ್ಲ; ಅಂಗಡಿಯ ಗೋಡೆಯ ತುಂಬ ಮೊಳೆ ಹೊಡೆದು, ಒಬ್ಬೊಬ್ಬ ಗಿರಾಕಿಗೆ ಒಂದೊಂದು ಮೊಳೆ ಕೊಟ್ಟಿದ್ದರು. ಮಗಳು ಆ ಗೋಡೆಯನ್ನೇ ಪರದೆಗೆ ತಂದಿದ್ದಳು. ಒಂದು ಕೈಯಲ್ಲಿ ಟೇಪು, ಒಂದು ಕೈಯಲ್ಲಿ ಕೀಲಿಮಣೆ. ಅಂಕಿಗಳನ್ನಷ್ಟೇ ಕುಟ್ಟಿ, ಹೆಸರು ಹಾಕದೆ, ಫೈಲನ್ನು ಪರದೆಯ ಮೇಲಿನ ಅದರ ಜಾಗಕ್ಕೆ ತಳ್ಳುವುದು; ಅದು ಯಾರದೆಂದು ಹೇಳುತ್ತಿದ್ದದ್ದು ಆ ಜಾಗವೊಂದೇ. ಮೇಲಿನ ಬಲಮೂಲೆ ಶಾಲೆಯ ಶಿಕ್ಷಕಿಯರದ್ದು, ನಡುಭಾಗ ಅಗ್ನಿಶಾಮಕ ಠಾಣೆಯದು, ಅವರು ಕವಾಯತಿಗೆ ನಿಲ್ಲುವ ಸಾಲಿನಂತೆಯೇ.

"ಒಂದು ಫೈಲೂ ಹೋಗಿಲ್ಲ, ಎಣಿಸಿದ್ದೀನಿ" ಎಂದರು ಮೇಲ್ವಿಚಾರಕರು. ದನಿ ಅರ್ಧಕ್ಕಿಳಿದಿತ್ತು.

"ಫೈಲು ಹೋಗಿಲ್ಲ ರೀ. ಜನ ಹೋಗಿದ್ದಾರೆ. ಯಾವ ಅಳತೆ ಯಾರದು ಈಗ?"

"ಹಳೇದನ್ನ ವಾಪಸು ತರ್ತೀನಿ..." ಹಾಳೆ ನೋಡಿದರು. ಅಳಿಸಿದ್ದನ್ನು ಮರಳಿ ಪಡೆಯುವ ಬಗ್ಗೆ ಹನ್ನೊಂದರಲ್ಲಿ ಒಂದೂ ಸಲಹೆಯಿರಲಿಲ್ಲ.

"ಪ್ಲಾಸ್ಟಿಕ್ ಹಾಕಿಸಿದ್ದು ಒಳ್ಳೇದಾಯ್ತು" ಎಂದರು ಅತ್ತೆ. "ಕಣ್ಣೀರು ಬಿದ್ರೂ ಅಕ್ಷರ ಕದಡಲ್ಲ."

ಹೆಂಡತಿ ಪರದೆಗೆ ಬೆನ್ನು ಹಾಕಿ, ಕತ್ತರಿಸುವ ಮೇಜಿನ ಮೇಲೆ ಕಂದು ಕಾಗದ ಹರಡಿ, ಸೀಮೆಸುಣ್ಣ ಎತ್ತಿಕೊಂಡಳು.

"ಓದಿ."

"ಯಾವುದನ್ನ?"

"ಎಲ್ಲವನ್ನೂ. ನಾನು ಹೇಳಿದ ಹೆಸರು ಹಾಕ್ತಾ ಹೋಗಿ."

ಬರೀ ಅಂಕಿಗಳಿಂದ ಮನುಷ್ಯರನ್ನು ಗುರುತಿಸುವುದುಂಟೇ! ಅವರು ಮನಸ್ಸಿನಲ್ಲೇ ಠಾಣಾಧಿಕಾರಿಗೆ ಹೇಳಬೇಕಾದ ಕ್ಷಮಾಪಣೆ ಜೋಡಿಸಿಕೊಳ್ಳುತ್ತ ಓದಿದರು: "ಎದೆ ಮೂವತ್ತಾರು, ಭುಜ ಹದಿನಾಲ್ಕೂವರೆ..."

"ಲೆಕ್ಕದ ಟೀಚರು. ಮುಂದೆ."

"ಎದೆ ನಲವತ್ತೆರಡು, ಭುಜ ಹತ್ತೊಂಬತ್ತು, ಬಲಭುಜ ಅರ್ಧ ಇಂಚು ಕೆಳಗೆ..."

"ನೀರಿನ ಪೈಪು ಹಿಡಿಯೋರು. ಇಪ್ಪತ್ತು ವರ್ಷ ಜಗ್ಗಿ ಜಗ್ಗಿ ಭುಜ ಇಳಿದಿದೆ. ಅದು ಠಾಣೆ ಲೆಕ್ಕಕ್ಕೆ. ಮುಂದೆ."

"ಬೆನ್ನು ಮುಂಭಾಗಕ್ಕಿಂತ ಒಂದೂವರೆ ಇಂಚು ಉದ್ದ..."

"ಬಂಡಿ ಓಡಿಸೋರು. ಸ್ಟೀರಿಂಗ್ ಮೇಲೆ ಬಗ್ಗಿ ಬಗ್ಗಿ ಬೆನ್ನು ಬಾಗಿದೆ."

"ಬೆನ್ನಗಲ ಹದಿನೇಳು, ಸೊಂಟ ಇಪ್ಪತ್ತೆಂಟು..."

"ಏಣಿ ಅಕ್ಕ! ನಾಲ್ಕನೇ ಮಹಡಿಗೆ ಸರಸರ ಹತ್ತೋ ಹೆಂಗಸು, ಬೆನ್ನು ಅಷ್ಟಗಲ ಇಲ್ದೆ ಇನ್ನೇನು?"

ಮೇಲ್ವಿಚಾರಕರ ಬೆರಳು ನಿಂತಿತು. ಅವರ ಕಚೇರಿಯ ದಾಖಲೆ ಕೋಣೆಯಲ್ಲಿ ನಲವತ್ತು ಸಾವಿರ ಕಡತಗಳಿವೆ, ಸೂಚಿಪಟ್ಟಿಗಳಿವೆ, ಸೂಚಿಪಟ್ಟಿಗಳ ಸೂಚಿಪಟ್ಟಿಯೂ ಇದೆ. ಆದರೂ ಹೋದ ವಾರ ಒಂದು ಬೀದಿಯ ನಲ್ಲಿ ನಕ್ಷೆ ಸಿಗಲು ಮೂರು ದಿನ ಬೇಕಾಗಿತ್ತು. ಇಲ್ಲಿ ಒಬ್ಬಳು ಪರದೆಗೆ ಬೆನ್ನು ಹಾಕಿ ನಿಂತು, ಅರ್ಧ ಇಂಚಿನ ಮೇಲೆ ಒಂದು ಆಯುಷ್ಯವನ್ನೇ ಓದುತ್ತಿದ್ದಳು!

ಇನ್ನೂರರ ಆಸುಪಾಸಿನಲ್ಲಿ ಅವರಿಗೆ ಒಂದು ತೊಡಕು ಎದುರಾಯಿತು. "ಇದನ್ನ ನೀನು ಹೇಳಕ್ಕಾಗಲ್ಲ. ಎರಡು ಫೈಲು, ಎರಡೂ ಒಂದೇ ಅಳತೆ."

"ಅವಳಿ ಅಣ್ಣತಮ್ಮಂದಿರು. ಮಣಿಕಟ್ಟು ಓದಿ."

"ಒಂದರಲ್ಲಿ ಎರಡೂ ಏಳು. ಇನ್ನೊಂದರಲ್ಲಿ ಎಡಗೈ ಏಳೂಕಾಲು."

"ಏಳೂಕಾಲು ಅಣ್ಣ. ಮೂಳೆ ಮುರಿದು ಕೂಡಿದ ಜಾಗ ಯಾವಾಗ್ಲೂ ದಪ್ಪ."

ಇದು ಅತಿಯಾಯಿತು. ಅವರು ಠಾಣೆಗೇ ಫೋನು ಮಾಡಿದರು. "ಸ್ವಾಮಿ, ನಿಮ್ಮ ಅವಳಿಗಳಲ್ಲಿ ಎಡಗೈ ಮುರಿದುಕೊಂಡಿದ್ದು ಯಾರು?"

"ಅಣ್ಣ" ಎಂದಿತು ಠಾಣಾಧಿಕಾರಿಯ ದನಿ. "ಹನ್ನೆರಡು ವರ್ಷದ ಹಿಂದಿನ ಮಾತು. ನಿಮಗ್ಯಾರು ಹೇಳಿದ್ರು?"

ಅವರು ಫೋನಿಟ್ಟು ಎದ್ದು ನಿಂತರು. ಯಾಕೆ ನಿಂತರೆಂದು ಅವರಿಗೇ ಗೊತ್ತಿರಲಿಲ್ಲ. ಕಚೇರಿಯಲ್ಲಿ ಮುಖ್ಯ ಎಂಜಿನಿಯರು ಬಂದಾಗ ಮಾತ್ರ ಕಾಲು ಹಾಗೆ ತಾನಾಗಿ ಏಳುತ್ತಿತ್ತು. "ನೀವು... ಅಲ್ಲ, ನೀನು, ಇದನ್ನೆಲ್ಲ ಎಲ್ಲಿ ಇಟ್ಕೊಂಡಿದ್ದೀಯ?"

"ಕೈಯಲ್ಲಿ" ಎಂದಳು ಹೆಂಡತಿ. "ಟೇಪು ಹಿಡಿದ ಕೈಗೆ ಗೊತ್ತಿರುತ್ತೆ. ಇವತ್ತಿನವರೆಗೆ ಅದನ್ನ ಯಾರೂ ಕೇಳಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ." ಬೆರಳು ಮಡಿಸಿ ಎಣಿಸಿದಳು. "ಹದಿನೆಂಟಾಯ್ತು. ಒಬ್ಬರು ಬಾಕಿ. ಸಾಕು, ಉಳಿದಿದ್ದನ್ನ ನಾನೇ ನೋಡ್ಕೋತೀನಿ, ನೀವು ಹೋಗಿ."

"ಛೆ ಛೆ! ತಪ್ಪು ಮಾಡಿದವನು ನಾನು. ಕೊನೆಯವರೆಗೂ ನಾನೇ ಓದ್ತೀನಿ."

"ಬೇಡ ಅಂದ್ನಲ್ಲ."

"ನಿನ್ನ ದೊಡ್ಡತನ ನಿನಗಿರಲಿ!" ಅವರು ಮತ್ತೆ ಪರದೆಯ ಮುಂದೆ ಕೂತರು. ಎಂಬತ್ತಾರು, ಶಾಲೆಯ ಕಾವಲುಗಾರ. ಎಂಬತ್ತೇಳು, ಹತ್ತೊಂಬತ್ತನೆಯ ಕೋಟಿನವನು, ಗಂಟೆ ಬಾರಿಸುವವನು. ಸಿಕ್ಕಿಬಿಟ್ಟ! ಅತ್ತೆ ಸೂಜಿ ಕೆಳಗಿಟ್ಟು ಕೈ ಜೋಡಿಸಿದರು. ಗೆಲುವಿನ ಓಟದಲ್ಲಿ ಮೇಲ್ವಿಚಾರಕರು ಎಂಬತ್ತೆಂಟನ್ನೂ ತೆರೆದರು.

"ಎದೆ ನಲವತ್ತು, ಸೊಂಟ ನಲವತ್ತೆರಡು. ಕೆಳಗೆ ಒಂದು ಸಾಲು ಬೇರೆ ಇದೆ: 'ಕೇಳಿದರೆ ಮೂವತ್ತೆಂಟು ಎನ್ನುವುದು.'" ಓದಿದವರು ಕುರ್ಚಿ ಹಿಂದಕ್ಕೆ ಹೋಗುವಷ್ಟು ನಕ್ಕರು. ಮೇಜು ಬಡಿದು ನಕ್ಕರು. "ಅಯ್ಯೋ! ಯಾರೇ ಈ ಪುಣ್ಯಾತ್ಮ? ನಾಲ್ಕಿಂಚು ಸುಳ್ಳು ತೊಟ್ಕೊಂಡು ಊರೆಲ್ಲ ಓಡಾಡ್ತಿದ್ದಾನಲ್ಲ!"

ಹೆಂಡತಿ ಕಾಗದದ ಮೇಲೆ ಬಾಗಿ, ಆಗಲೇ ಎಳೆದಿದ್ದ ಗೆರೆಯನ್ನೇ ಮತ್ತೊಮ್ಮೆ ಎಳೆದಳು.

"ಯಾಕೆ, ಈ ಗಿರಾಕಿ ಗುರುತು ಸಿಗ್ಲಿಲ್ವಾ?"

"ಸಿಕ್ಕಿದೆ."

"ಹೇಳು ಮತ್ತೆ, ಹೆಸರು ಹಾಕ್ತೀನಿ!"

ಅತ್ತೆ ಹಲ್ಲಿನಿಂದ ದಾರ ಕಡಿದರು. "ಅಳಿಯಂದಿರೇ, ಆ ಫೈಲು ಮುಚ್ಚಿ. ಕೆಲವು ಹೆಸರಿಲ್ದೇನೇ ಚೆನ್ನಾಗಿರುತ್ತೆ."

ಮೇಲ್ವಿಚಾರಕರ ಕೈ ತಾನಾಗಿ ಸೊಂಟಪಟ್ಟಿಗೆ ಹೋಯಿತು. ಹತ್ತು ವರ್ಷಗಳಿಂದ ನೂಲೂ ಕದಲದ ಆ ಪುಟ್ಟ ಚೀಟಿಯನ್ನು ಬೆರಳು ಸವರಿತು.

"ಬೇಜಾರಾಗ್ಬೇಡಿ" ಎಂದಳು ಹೆಂಡತಿ, ಕಾಗದದಿಂದ ಕಣ್ಣೆತ್ತದೆ. "ಅಳತೆ ತೆಗೆಯೋವಾಗ ನೀವು ಉಸಿರು ಬಿಗಿ ಹಿಡಿದು ನಿಲ್ತಿದ್ರಿ. ನೀವು ಬಿಡೋವರೆಗೂ ನಾನು ಟೇಪು ಹಿಡಿದು ಕಾಯ್ತಿದ್ದೆ, ಅಷ್ಟೇ."

ಸೋಮವಾರ ಬೆಳಗ್ಗೆ ಏಳೂವರೆಗೆ ಹತ್ತೊಂಬತ್ತು ಕೋಟುಗಳ ಬಟ್ಟೆ ಕತ್ತರಿಸುವುದು ಶುರುವಾಯಿತು. ಅದಕ್ಕೆ ಹತ್ತು ನಿಮಿಷ ಮೊದಲು ಒಬ್ಬ ಗಿರಾಕಿ ತಾನಾಗಿ ಬಂದು, ಉಸಿರು ಪೂರ್ತಿ ಬಿಟ್ಟು, ಸೊಂಟದ ಅಳತೆ ಕೊಟ್ಟರು. ನಲವತ್ತಮೂರು.