ಬಚ್ಚಲ ನಲ್ಲಿಗೆ ಸುತ್ತಿದ ಪ್ರದಕ್ಷಿಣೆ

ಅಕ್ಟೋಬರ್ ಹನ್ನೊಂದು, ಶನಿವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಈ ಕೆಲಸ ಶುರುವಾದದ್ದು ಆಗ. ಏಳು ಇಪ್ಪತ್ತಕ್ಕೆ ಮುಗಿಯಬೇಕಿತ್ತು. ದಿನಚರಿಯಲ್ಲಿ ಹಿಂದಿನ ದಿನವೇ ‘ನಲ್ಲಿ ರಿಪೇರಿ, ಹತ್ತು ನಿಮಿಷ’ ಎಂದು ಬರೆದು, ಮುಂದೆ ಸರಿ ಗುರುತು ಹಾಕಲು ಸ್ವಲ್ಪ ಜಾಗ ಬಿಟ್ಟಿದ್ದೆ. ಆ ಜಾಗ ಇವತ್ತಿಗೂ ಖಾಲಿ ಇದೆ. ಮನೆಯ ರಿಪೇರಿಗಳಲ್ಲಿ ಹತ್ತು ನಿಮಿಷದ ಕೆಲಸ ಎಂಬುದೇ ಇಲ್ಲ ಎಂದು ನನಗೆ ಈಗೀಗ ಅನ್ನಿಸತೊಡಗಿದೆ. ಹಾಗೆಂದು ಮೊದಲೇ ತಿಳಿಯಲು ನನ್ನ ಬಳಿ ಬೇಕಾದಷ್ಟು ಸಾಕ್ಷಿ ಇತ್ತು. ನಾನು ರಿಪೇರಿ ಮಾಡಿದ ಟೇಬಲ್ ಫ್ಯಾನು ಎರಡು ವರ್ಷದಿಂದ ಗೋಡೆಯ ಕಡೆಗೇ ಮುಖ ಮಾಡಿ ತಿರುಗುತ್ತದೆ. ಮಿಕ್ಸಿಯ ಮುಚ್ಚಳದ ಮೇಲೆ ಒಂದು ರುಬ್ಬುಗುಂಡು ಇಟ್ಟರೆ ಮಾತ್ರ ಅದು ಓಡುತ್ತದೆ. ರಿಪೇರಿ ಮುಗಿದ ಮೇಲೆ ಉಳಿದ ಸ್ಕ್ರೂಗಳನ್ನು ಒಂದು ಜಾಮ್ ಬಾಟಲಿಯಲ್ಲಿ ಹಾಕಿಡುತ್ತೇನೆ. ಅಕ್ಟೋಬರ್ ಹನ್ನೊಂದಕ್ಕೆ ಅದರಲ್ಲಿ ಹದಿನೇಳು ಇದ್ದವು.

ನಾನು ಹೊಸನಗರದ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಮನೆ ಸಾಗರದಲ್ಲಿ. ಸಾಮಾನ್ಯವಾಗಿ ನನ್ನ ದಿನದ ಬಹುಭಾಗ ಬಸ್ಸಿನಲ್ಲಿ ಕಳೆಯುವುದರಿಂದ ಮನೆಗೆ ನನ್ನಿಂದ ಹೆಚ್ಚಿನ ಅಪಾಯವಿಲ್ಲ. ಆದರೆ ಅದು ದಸರಾ ರಜೆ. ಮನೆಯಲ್ಲಿ ಅಮ್ಮ ಇದ್ದರು, ಬಾಣಂತನಕ್ಕೆ ಬಂದ ನನ್ನ ಅಕ್ಕ ಸೌಮ್ಯ ಇದ್ದಳು, ಮತ್ತು ಅವಳ ಇಪ್ಪತ್ತೈದು ದಿನದ ಮಗಳು ಇದ್ದಳು. ಈ ಮಗು ಇರುಳಿಡೀ ಅಳುತ್ತಿತ್ತು. ಅಕ್ಕನಿಗೆ ನಿದ್ದೆ ಎಂದರೆ ಬೆಳಗಿನ ಎಣ್ಣೆಸ್ನಾನ ಆದ ನಂತರದ್ದು ಮಾತ್ರ. ತಾಯಿಗೂ ಮಗುವಿಗೂ ಹಂಡೆಯ ಬಿಸಿನೀರು ಧಾರಾಳವಾಗಿ ಹುಯ್ದು, ಹೊಗೆ ಹಾಕಿ, ಬೆಚ್ಚಗೆ ಹೊದೆಸಿ ಮಲಗಿಸಿದರೆ ಇಬ್ಬರೂ ಮೂರು ಗಂಟೆ ಅಲುಗುತ್ತಿರಲಿಲ್ಲ. ಇದನ್ನೂ ನಾನು ಬರೆದಿಟ್ಟಿದ್ದೇನೆ. ಗುರುವಾರ ಮೂರು ಗಂಟೆ ಐದು ನಿಮಿಷ, ಶುಕ್ರವಾರ ಎರಡು ಗಂಟೆ ಐವತ್ತು ನಿಮಿಷ.

ಮೀಯಿಸಲು ಬರುತ್ತಿದ್ದವರು ಗಿರಿಜಮ್ಮ. ಆನಂದಪುರದಿಂದ ಬಸ್ಸಿನಲ್ಲಿ ಬಂದು ಒಂಬತ್ತು ಇಪ್ಪತ್ತಕ್ಕೆ ನಮ್ಮ ಗೇಟು ತೆಗೆಯುತ್ತಿದ್ದರು. ಆಗ ಹಂಡೆಯ ನೀರು ಕುದಿಯುತ್ತಿರಬೇಕು. ಇಲ್ಲಿ ಮುಗಿಸಿ ಅವರು ಇನ್ನೊಂದು ಮನೆಗೆ ಹೋಗಬೇಕಿತ್ತು. ಗೀಸರ್ ಇದೆಯಲ್ಲ ಎಂದು ನಾನು ಮೊದಲ ದಿನ ಕೇಳಿದ್ದಕ್ಕೆ, ಅದರ ನೀರು ಮುಖ ತೊಳೆಯಲು ಆದೀತು ಎಂದಿದ್ದರು. ಅಲ್ಲಿಂದಾಚೆ ನಾನು ಆ ವಿಷಯ ಎತ್ತಲಿಲ್ಲ.

ಹಂಡೆಯ ಮೇಲುಗಡೆ ಗೋಡೆಯಲ್ಲಿ ಒಂದು ಹಿತ್ತಾಳೆ ನಲ್ಲಿ. ಮಹಡಿಯ ಟ್ಯಾಂಕಿನಿಂದ ಅದಕ್ಕೆ ನೀರು. ಅದು ತೊಟ್ಟಿಕ್ಕುತ್ತಿತ್ತು, ನಿಮಿಷಕ್ಕೆ ನಲವತ್ತೆರಡು ಹನಿ. ಮೂರು ಸಲ ಎಣಿಸಿ ಸರಾಸರಿ ತೆಗೆದಿದ್ದೆ. ಪ್ಲಂಬರನ್ನು ಕರೆ ಎಂದು ಅಮ್ಮ ಒಂದು ವಾರದಿಂದ ಹೇಳುತ್ತಿದ್ದರು. ಫೋನ್ ಹತ್ತುತ್ತಿಲ್ಲ ಎಂದು ನಾನು ಹೇಳುತ್ತಿದ್ದೆ. ಇಲ್ಲಿ ನಿಜ ಹೇಳಿಬಿಡುತ್ತೇನೆ, ನಾನು ಫೋನ್ ಮಾಡಿರಲೇ ಇಲ್ಲ. ನಲ್ಲಿಯೊಳಗಿನ ರಬ್ಬರ್ ವಾಷರ್ ಬದಲಿಸುವ ವಿಡಿಯೋಗಳನ್ನು ಆರು ನೋಡಿದ್ದೆ. ಆರರಲ್ಲಿ ನಾಲ್ಕು ನನಗೆ ಬಾರದ ಭಾಷೆಯಲ್ಲಿದ್ದವು, ಆದರೆ ಆರರಲ್ಲೂ ಮನುಷ್ಯ ಕೊನೆಗೆ ನಗುತ್ತಿದ್ದ. ಪೇಟೆಗೆ ಹೋಗಿ ಒಂದು ವಾಷರ್ ತಂದು ಅಂಗಿಯ ಜೇಬಿನಲ್ಲಿಟ್ಟುಕೊಂಡೆ.

ಶನಿವಾರ ಮಾಡಿದ್ದು ಇಷ್ಟು. ಮಹಡಿ ಹತ್ತಿ ಟ್ಯಾಂಕಿನ ವಾಲ್ವ್ ತಿರುಗಿಸಿದೆ. ತಿರುಗಿತು. ಕೆಳಗೆ ಬಂದು ಪೈಪ್ ರೆಂಚ್ ಹಾಕಿ ನಲ್ಲಿಯನ್ನು ಗೋಡೆಯಿಂದ ಬಿಚ್ಚಿದೆ. ವಾಲ್ವ್ ಸುಮ್ಮನೆ ತಿರುಗಿತ್ತೇ ಹೊರತು ಮುಚ್ಚಿರಲಿಲ್ಲ ಎಂಬುದು ಆಗ ತಿಳಿಯಿತು. ಐನೂರು ಲೀಟರ್ ನೀರು ಬಚ್ಚಲ ಮೋರಿಯಲ್ಲಿ ಹೋಗುವುದನ್ನು ಅಮ್ಮ ಬಾಗಿಲಲ್ಲಿ ನಿಂತು ನೋಡಿದರು. ನಮ್ಮಲ್ಲಿ ಪಟ್ಟಣದ ನೀರು ದಿನ ಬಿಟ್ಟು ದಿನ ಬರುತ್ತದೆ, ಅವತ್ತು ಬರುವ ದಿನವಲ್ಲ. ಪಕ್ಕದ ಮನೆಯ ಬಾವಿಯಿಂದ ಹದಿನಾಲ್ಕು ಕೊಡ ಸೇದಿ ತಂದು ಹಂಡೆಗೆ ಹುಯ್ದೆ. ಗಿರಿಜಮ್ಮ ಒಂದು ಗಂಟೆ ಕಾದು, ಉಗುರುಬೆಚ್ಚಗಿನ ನೀರಲ್ಲೇ ಮೀಯಿಸಿ ಹೋದರು. ಅಕ್ಕ ಒಂದು ಗಂಟೆ ಹತ್ತು ನಿಮಿಷ ಮಲಗಿದಳು.

ಮಧ್ಯಾಹ್ನ ನಲ್ಲಿಯನ್ನು ಮತ್ತೆ ಕೂರಿಸುವ ಮೊದಲು ತೀರ್ಥಹಳ್ಳಿಯ ಸೋದರಮಾವನಿಗೆ ಫೋನ್ ಮಾಡಿದೆ. ಮಾವ ಅಲ್ಲಿ ಪಂಪಿನ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದಾರೆ. ಏನು ಕೇಳಿದರೂ ಎರಡು ಮಾತಲ್ಲಿ ಉತ್ತರ ಕೊಟ್ಟು ಫೋನ್ ಇಡುವವರು. ನಲ್ಲಿಯ ಮರೆಗೆ, ಅಂದರೆ ತಿರುಪಿನ ಗೆರೆಗಳಿರುವ ತುದಿಗೆ, ನೀರು ಸೋರದಂತೆ ಹಾಕುವ ಆ ಬಿಳಿ ಟೇಪನ್ನು ಯಾವ ಕಡೆಯಿಂದ ಸುತ್ತಬೇಕು ಎಂದು ಕೇಳಿದೆ.

“ದೇವಸ್ಥಾನಕ್ಕೆ ಪ್ರದಕ್ಷಿಣೆ ಬರ್ತೀಯಲ್ಲ ಮಾರಾಯ, ಹಂಗೆ ಸುತ್ತು” ಎಂದರು.

ಇದಕ್ಕಿಂತ ಸ್ಪಷ್ಟವಾದ ಸೂಚನೆ ಆರು ವಿಡಿಯೋಗಳಲ್ಲೂ ಇರಲಿಲ್ಲ. ನಲ್ಲಿಯನ್ನು ಎಡಗೈಯಲ್ಲಿ ಹಿಡಿದೆ. ಅದರ ಹಿಡಿಯೂ ಮೂತಿಯೂ ನನ್ನ ಕಡೆಗಿದ್ದವು. ದೇವರ ಮುಖ ನಮ್ಮ ಕಡೆಗೇ ಇರಬೇಕಲ್ಲ. ಆಚೆ ತುದಿಯ ಮರೆಗೆ ಎಡದಿಂದ ಬಲಕ್ಕೆ ಭಕ್ತಿಯಿಂದ ಎಂಟು ಸುತ್ತು ಸುತ್ತಿ, ಗೋಡೆಗೆ ತಿರುಗಿಸಿ ಬಿಗಿ ಮಾಡಿದೆ. ಟೇಪು ಒಳಗೆ ಹೋಗುವ ಬದಲು ಹೊರಗೆ ಬಂದು, ನಲ್ಲಿಯ ಕುತ್ತಿಗೆಗೆ ಬಿಳಿ ಗಡ್ಡ ಬಂದ ಹಾಗೆ ಕಂಡಿತು. ಹೆಚ್ಚಾದದ್ದು ಹೊರಬಂದಿದೆ ಎಂದುಕೊಂಡು ಅದನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಿದೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಪಟ್ಟಣದ ನೀರು ಬಂತು. ಟ್ಯಾಂಕು ತುಂಬಿತು. ನಲ್ಲಿ ಗೋಡೆಗೆ ಸೇರುವಲ್ಲಿ ನೀರು ಜಿನುಗಿ, ಗೋಡೆಗುಂಟ ಇಳಿದು, ನೇರ ಹಂಡೆಯ ಒಲೆಗೆ ಹೋಯಿತು. ಅಮ್ಮ ಮೂರು ಸಲ ಹೊತ್ತಿಸಿದರು, ಮೂರು ಸಲವೂ ಒಲೆ ಸುಯ್ ಎಂದು ಆರಿತು. ಗಿರಿಜಮ್ಮ ಬಂದು ಹಂಡೆಯಲ್ಲಿ ಕೈ ಅದ್ದಿ ನೋಡಿ, ಸೆರಗಿಗೆ ಕೈ ಒರೆಸಿಕೊಂಡು, ನನ್ನನ್ನು ಒಮ್ಮೆ ನೋಡಿದರು. ಆ ದಿನ ಗ್ಯಾಸಿನ ಒಲೆಯ ಮೇಲೆ ಪಾತ್ರೆ ಪಾತ್ರೆಯಾಗಿ ನೀರು ಕಾಯಿಸಿದೆವು. ಅಕ್ಕನ ನಿದ್ದೆ ನಲವತ್ತು ನಿಮಿಷ.

ಸೋಮವಾರದ ಪುಟ ನನ್ನ ದಿನಚರಿಯಲ್ಲಿ ಎಲ್ಲಕ್ಕಿಂತ ಉದ್ದವಾದದ್ದು. ಮತ್ತೆ ಬಿಚ್ಚಿದ್ದು ಎರಡು ಸಲ, ಟೇಪಿನ ಸುತ್ತು ಮೊದಲು ಇಪ್ಪತ್ತು, ನಂತರ ಮೂವತ್ತು. ಮಾವನಿಗೆ ಫೋನ್ ನಾಲ್ಕು. ಪ್ರದಕ್ಷಿಣೆಯಾಗೇ ಸುತ್ತಿದೆಯಾ ಎಂದು ಅವರು ಪ್ರತಿ ಸಲವೂ ಕೇಳಿದರು, ಪ್ರದಕ್ಷಿಣೆಯಾಗೇ ಸುತ್ತಿದ್ದೇನೆ ಎಂದು ನಾನು ಪ್ರತಿ ಸಲವೂ ಹೇಳಿದೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಟ್ಯಾಂಕು ಮತ್ತೆ ಖಾಲಿಯಾದ್ದರಿಂದ ಬಾವಿಯಿಂದ ಹದಿನಾರು ಕೊಡ. ಕೊಡ ಹೊತ್ತು ಬರುವಾಗ ಪಕ್ಕದ ಮನೆಯವರು ರಜೆ ಹೇಗೆ ಕಳೆಯುತ್ತಿದ್ದೀರಿ ಎಂದು ಕೇಳಿದರು. ಚೆನ್ನಾಗಿ ಎಂದೆ.

ಗಿರಿಜಮ್ಮ ಹೋಗುವಾಗ ಅಮ್ಮನನ್ನು ಜಗಲಿಗೆ ಕರೆದು ಮಾತಾಡಿದರು. ಆನಂದಪುರದಲ್ಲೇ, ಅವರ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಬ್ಬಳು ಬಾಣಂತಿ ಇದ್ದಾಳಂತೆ. ವಾರದಿಂದ ಕರೆಯುತ್ತಿದ್ದಾರಂತೆ. ನಾಳೆ ನಾನು ಬರುವ ಹೊತ್ತಿಗೆ ಹಂಡೆ ಕುದಿಯದಿದ್ದರೆ ಬೇಸರ ಮಾಡಿಕೊಳ್ಳಬಾರದು, ನನಗೂ ವಯಸ್ಸಾಯಿತು, ಕಾಯುತ್ತ ಕೂರಲು ಆಗುವುದಿಲ್ಲ ಎಂದರಂತೆ. ಅಮ್ಮ ಇದನ್ನು ನನಗೆ ಹೇಳಲಿಲ್ಲ. ಅಕ್ಕ ಹೇಳಿದಳು. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. ಬೈಯುತ್ತಾಳೆಂದು ನಾನು ಸಿದ್ಧನಾಗಿ ನಿಂತಿದ್ದೆ.

“ನಿಂಗೆ ಬೇಜಾರಾಗತ್ತೆ ಅಂತ ಸುಮ್ನಿದ್ದೆ ಕಣೋ” ಎಂದಳು. “ನಂಗೆ ನಲ್ಲಿ ಬೇಡ. ನಿದ್ದೆ ಬೇಕು, ಅಷ್ಟೇ.”

ಬೈದಿದ್ದರೆ ಚೆನ್ನಾಗಿತ್ತು. ನಾನು ಹೊರಗೆ ಹೋಗಿ ನಿಜವಾಗಿಯೂ ಪ್ಲಂಬರಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು. ಸಿಗಂದೂರಿಗೆ ಬಂದಿದ್ದೇನೆ, ಗುರುವಾರ ಬರುತ್ತೇನೆ ಎಂದರು. ಹೋದ ವಾರವೆಲ್ಲ ಊರಲ್ಲೇ ಇದ್ದೆನಲ್ಲ, ಆಗ ಹೇಳಬಾರದಿತ್ತಾ ಎಂದೂ ಕೇಳಿದರು. ಅದನ್ನು ದಿನಚರಿಯಲ್ಲಿ ಬರೆದಿಲ್ಲ.

ಮಂಗಳವಾರ, ಅಕ್ಟೋಬರ್ ಹದಿನಾಲ್ಕು. ಆರಕ್ಕೆ ನೀರು ಬಂತು. ಮೂವತ್ತು ಸುತ್ತಿನ ನಲ್ಲಿ ಎಂಟು ಸುತ್ತಿನದ್ದಕ್ಕಿಂತ ಜೋರಾಗಿ ಸೋರಿತು. ಒಲೆಗೆ ನೀರು ಬೀಳದ ಹಾಗೆ ಗೋಡೆಗೆ ಒಂದು ಅಡಿಕೆ ಹಾಳೆಯನ್ನು ಒತ್ತಿ ಹಿಡಿದು ಒಂದೂವರೆ ಗಂಟೆ ನಿಂತೆ. ಹೊಗೆಗೆ ಕಣ್ಣುರಿ, ತೋಳು ಮರಗಟ್ಟಿತು, ಆದರೆ ಒಲೆ ಆರಲಿಲ್ಲ. ಒಂಬತ್ತು ಇಪ್ಪತ್ತಕ್ಕೆ ಗೇಟಿನ ಸದ್ದಾಯಿತು. ಗಿರಿಜಮ್ಮ ಬಚ್ಚಲ ಬಾಗಿಲಿಗೆ ಬಂದು ನಿಂತರು. ಹಂಡೆಯ ನೀರು ಕುದಿಯುತ್ತಿತ್ತು. ಆದರೆ ನಾನು ಅಲ್ಲಿಂದ ಕದಲಿದರೆ ಒಲೆ ಆರುತ್ತಿತ್ತು, ಕದಲದಿದ್ದರೆ ಬಾಣಂತಿ ಒಳಗೆ ಬರುವ ಹಾಗಿರಲಿಲ್ಲ.

“ಎಂತ ಮಾಷ್ಟ್ರೇ, ನಿಮ್ಮನ್ನೂ ಮೀಯಿಸ್ಬೇಕಾ?” ಎಂದರು.

ನಾನು ಆದದ್ದನ್ನೆಲ್ಲ ಹೇಳಿದೆ. ಎಂಟು, ಇಪ್ಪತ್ತು, ಮೂವತ್ತು ಎಂದು ಲೆಕ್ಕವನ್ನೂ ಕೊಟ್ಟೆ. ಅವರು ಟೇಪಿನ ಉರುಳೆಯನ್ನು ಕೈಗೆ ತೆಗೆದುಕೊಂಡು ಎಳೆದು ನೋಡಿ, ಬಿಚ್ಚು ಎಂದರು. ಬಿಚ್ಚಿದರೆ ಟ್ಯಾಂಕು ಖಾಲಿಯಾಗುತ್ತದೆ ಎಂದೆ. ಕೈ ಇಲ್ಲವಾ ನಿನಗೆ ಎಂದರು. ಹಾಗಾಗಿ ನಲ್ಲಿಯನ್ನು ಬಿಚ್ಚಿ ಅವರ ಕೈಗೆ ಕೊಟ್ಟು, ಪೈಪಿನ ಬಾಯಿಗೆ ಎರಡೂ ಅಂಗೈ ಒತ್ತಿ ನಿಂತೆ. ಬೆರಳ ಸಂದಿಯಿಂದ ನೀರು ಮುಖಕ್ಕೆ ಹಾರುತ್ತಿತ್ತು. ನಾಲ್ಕು ನಿಮಿಷ, ಆ ಮನೆಯಲ್ಲಿ ಸರಿಯಾಗಿ ಕೆಲಸ ಮಾಡಿದ ವಾಲ್ವ್ ಎಂದರೆ ನಾನು ಮಾತ್ರ.

ಗಿರಿಜಮ್ಮ ಮಣೆಯ ಮೇಲೆ ಕೂತು, ಹಳೆಯ ಟೇಪನ್ನೆಲ್ಲ ಕಿತ್ತು, ನಲ್ಲಿಯನ್ನು ತಿರುಗಿಸಿ ಹಿಡಿದರು. ಈಗ ಮೂತಿ ಆಚೆ, ಮರೆ ಇರುವ ತುದಿ ಅವರ ಕಡೆಗೆ. ಹಾಗೆ ಹಿಡಿದು ಬಲಕ್ಕೆ ಸುತ್ತತೊಡಗಿದರು. ನೀವು ಉಲ್ಟಾ ಹಿಡಿದಿದ್ದೀರಿ ಎಂದು ನಾನು ನೀರು ಉಗುಳುತ್ತ ಹೇಳಿದೆ.

“ಬಾಣಂತಿ ಹೊಟ್ಟೆಗೆ ಬಟ್ಟೆ ಕಟ್ಟುವಾಗ ಅವ್ಳನ್ನ ನನ್ನ ಕಡೆ ತಿರುಗಿಸಿ ನಿಲ್ಲಿಸ್ಕೊಳ್ತೀನಿ” ಎಂದರು ಅವರು, ತಲೆ ಎತ್ತದೆ. “ಸುತ್ತೋದು ಎಲ್ಲಿಗೋ ಅದು ನಮ್ ಕಡೆ ಇರ್ಬೇಕು. ನೀನು ಬೆನ್ನ ಹಿಂದಿಂದ ಸುತ್ತಿದೀಯ ತಮ್ಮಾ. ಸಡಿಲ ಬೇರೆ.”

ಗಡಿಯಾರದ ದಿಕ್ಕು ಮತ್ತು ಅದರ ವಿರುದ್ಧ ದಿಕ್ಕಿನ ಬಗ್ಗೆ ನಾನು ಪ್ರತಿ ವರ್ಷ ಒಂಬತ್ತನೇ ತರಗತಿಗೆ ಎರಡು ಪಿರಿಯಡ್ ಪಾಠ ಮಾಡುತ್ತೇನೆ. ಪೂರ್ತಿ ಗಾಜಿನ ಗಡಿಯಾರವೊಂದನ್ನು ಹಿಂದಿನಿಂದ ನೋಡಿದರೆ ಮುಳ್ಳು ಯಾವ ಕಡೆ ತಿರುಗುತ್ತದೆ ಎಂದು ಪರೀಕ್ಷೆಯಲ್ಲೂ ಕೇಳಿದ್ದೇನೆ. ತಪ್ಪು ಬರೆದವರಿಗೆ ಸೊನ್ನೆ ಕೊಟ್ಟಿದ್ದೇನೆ. ಮೂರು ಸಲವೂ ನಾನು ಆ ನಲ್ಲಿಗೆ ಬಂದದ್ದು ಅಪ್ರದಕ್ಷಿಣೆ. ಬಿಗಿ ಮಾಡಿದಾಗಲೆಲ್ಲ ಟೇಪು ಸುಲಿದು ಬರುತ್ತಿತ್ತು, ಅದನ್ನು ನಾನು ನೀಟಾಗಿ ಕತ್ತರಿಸುತ್ತಿದ್ದೆ. ಗಿರಿಜಮ್ಮ ಸುತ್ತಿದ್ದು ಹತ್ತೇ ಸುತ್ತು. ನಾನು ನಲ್ಲಿ ಕೂರಿಸಿ ಬಿಗಿದೆ. ಗೋಡೆ ಒಣಗಿತು. ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಅವತ್ತು ಅಕ್ಕ ಮತ್ತು ಮಗು ಮಲಗಿದ್ದು ಮೂರು ಗಂಟೆ ಇಪ್ಪತ್ತು ನಿಮಿಷ. ಗಿರಿಜಮ್ಮ ಹೋಗುವಾಗ, ನಾಳೆ ಸೀಗೆಪುಡಿ ಮುಗಿಯುತ್ತದೆ, ತರಿಸಿಡಿ ಎಂದು ಅಮ್ಮನಿಗೆ ಹೇಳಿದರು. ಆನಂದಪುರದ ಮಾತು ಎತ್ತಲಿಲ್ಲ.

ಅವರೆಲ್ಲ ಮಲಗಿದ್ದಾಗ ನಾನು ಬಚ್ಚಲಿಗೆ ಹೋಗಿ ನಲ್ಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಗೋಡೆಯ ಕಡೆ ಒಂದು ಹನಿಯೂ ಇರಲಿಲ್ಲ. ಆದರೆ ಮೂತಿ ತೊಟ್ಟಿಕ್ಕುತ್ತಿತ್ತು. ಎಣಿಸಿದೆ. ನಿಮಿಷಕ್ಕೆ ನಲವತ್ತೆರಡು. ಜೇಬಿಗೆ ಕೈ ಹಾಕಿದೆ. ವಾಷರ್ ಅಲ್ಲೇ ಇತ್ತು. ಮಾವನಿಗೆ ಆರನೆಯ ಫೋನ್ ಮಾಡಿದೆ. ವಾಷರ್ ಹಾಕಲು ನಲ್ಲಿಯ ತಲೆ ಬಿಚ್ಚಿದರೆ ಸಾಕಲ್ಲ, ಅದನ್ನು ಗೋಡೆಯಿಂದ ಯಾಕೆ ಕಿತ್ತೆ ಎಂದು ಅವರು ಕೇಳಿದರು. ಯಾಕೆ ಕಿತ್ತೆ ಎಂಬುದಕ್ಕೆ ದಿನಚರಿಯಲ್ಲಿ ಉತ್ತರವಿಲ್ಲ. ಎಷ್ಟು ಗಂಟೆಗೆ ಕಿತ್ತೆ ಎಂಬುದು ಮಾತ್ರ ಇದೆ.

ಸಂಜೆ ಸ್ಪ್ಯಾನರ್ ಹಿಡಿದು ಎದ್ದಾಗ ಅಕ್ಕ ತಡೆದಳು. ಮಗು ಆ ಟಪ್ ಟಪ್ ಸದ್ದಿಗೇ ಮಲಗುವುದು, ನಲ್ಲಿ ಬಿಚ್ಚಿಟ್ಟ ದಿನಗಳಲ್ಲಿ ಅದಕ್ಕೇ ನಿದ್ದೆ ಬಂದಿರಲಿಲ್ಲ, ದಯವಿಟ್ಟು ಮುಟ್ಟಬೇಡ ಎಂದಳು. ಗಂಭೀರವಾಗೇ ಹೇಳಿದಳು. ಅಮ್ಮನೂ ಕೂಡಲೇ ಹೌದೆಂದರು, ಒಂದಿಷ್ಟು ಅವಸರದಲ್ಲೇ. ನಾನು ಸ್ಪ್ಯಾನರನ್ನು ಜಾಮ್ ಬಾಟಲಿಯ ಪಕ್ಕದಲ್ಲಿಟ್ಟೆ. ರಜೆ ಮುಗಿದು ಈಗ ಹೊಸನಗರದ ಬಸ್ಸಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನಾಲ್ಕು ದಿನದ ಲೆಕ್ಕದಿಂದ ಯಾವ ತೀರ್ಮಾನಕ್ಕೂ ಬರಲಾಗದು ಎಂದು ಗಣಿತದ ಮೇಷ್ಟ್ರಾಗಿ ನನಗೆ ಗೊತ್ತು. ಆದ್ದರಿಂದ ಎಳೆಗೂಸುಗಳು ನಲ್ಲಿಯ ಹನಿಯ ಸದ್ದಿಗೆ ನಿಜವಾಗಿಯೂ ಮಲಗುತ್ತವೆಯೇ ಎಂದು ತಿಳಿದವರು ಯಾರಾದರೂ ಇದ್ದರೆ ನನಗೊಂದು ಕಾಗದ ಬರೆಯಬೇಕು. ಮಲಗುವುದಿಲ್ಲ ಎಂದಾದರೆ, ದಯವಿಟ್ಟು ಮನೆಯ ವಿಳಾಸಕ್ಕೆ ಬರೆಯಬೇಡಿ.