ಮೇಷ್ಟ್ರು ನಮ್ಮ ಮನೆ ಮುಂದೆ ನಿಂತದ್ದು

ಬರುವ ಶಿವರಾತ್ರಿಯೊಳಗೆ ಜಟಿಂಗ ರಾಮೇಶ್ವರನ ಬೆಟ್ಟವನ್ನು ಎಲ್ಲೂ ನಿಲ್ಲದೆ ಹತ್ತಿ ಇಳಿಯುತ್ತೇನೆ ಎಂದು ಕೀಲಕ ಸಂವತ್ಸರದ ಕಾರ್ತಿಕದಲ್ಲಿ, ಅಂದರೆ ಸಾವಿರದ ಒಂಬೈನೂರ ಎಂಟನೆಯ ಇಸವಿಯಲ್ಲಿ, ಊಟಕ್ಕೆ ಕೂತು ಹೆಂಡತಿಗೆ ಘೋಷಿಸಿದೆ. ಜಗದಾಂಬ ಸೌಟು ಹಿಡಿದುಕೊಂಡೇ ನನ್ನ ಮುಖವನ್ನೊಮ್ಮೆ, ಹೊಟ್ಟೆಯನ್ನೊಮ್ಮೆ ನೋಡಿ, ಇನ್ನೊಂದು ಮುದ್ದೆ ಹಾಕಲೇ ಎಂದು ಕೇಳಿದಳು. ಹಾಕು ಎಂದೆ.

ನಿಜ ಹೇಳಬೇಕೆಂದರೆ, ಬೆಟ್ಟ ಹಾಗಿರಲಿ, ಮೊಳಕಾಲ್ಮೂರಿನ ನಮ್ಮ ಬೀದಿಯನ್ನೇ ಒಂದೇ ಸಲಕ್ಕೆ ದಾಟುವ ಶಕ್ತಿ ಆಗ ನನಗಿರಲಿಲ್ಲ. ನನ್ನ ಹೆಸರು ಚಿನ್ನಯ್ಯ. ವಯಸ್ಸು ಐವತ್ತಾರು, ಮನೆಯಲ್ಲಿ ನಾಲ್ಕು ರೇಷ್ಮೆ ಮಗ್ಗ, ಬಾಯಲ್ಲಿ ಸದಾ ಒಂದು ಚುಟ್ಟ. ನೂರೆಂಬತ್ತು ಹೆಜ್ಜೆ ಇಟ್ಟೆನೆಂದರೆ ಬಲಗಾಲಿನ ಮೀನಖಂಡವನ್ನು ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿದ್ದರು. ನಿಂತರೆ ಎರಡು ನಿಮಿಷದಲ್ಲಿ ನೋವು ಮಾಯ. ಹೊರಟರೆ ಮತ್ತೆ ಅಷ್ಟೇ ಹೆಜ್ಜೆಗೆ ಹಾಜರ್.

ಊರಿಗೆ ತಿಳಿಯಬಾರದೆಂದು, ಸೀರೆ ಮಾರುವ ನೆಪ ಹೂಡಿ, ಗಾಡಿ ಕಟ್ಟಿಸಿಕೊಂಡು ಚಳ್ಳಕೆರೆಯ ದವಾಖಾನೆಗೆ ಹೋದೆ. ಡಾಕ್ಟರು ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು. ಎಡಗಾಲಿನಲ್ಲಿ ಸಿಕ್ಕಿತು, ಬಲಗಾಲಿನಲ್ಲಿ ಸಿಗಲಿಲ್ಲ. ಕಾಲುವೆಯಲ್ಲಿ ಹೂಳು ತುಂಬಿದ ಹಾಗೆ ನಿಮ್ಮ ಕಾಲಿನ ರಕ್ತನಾಳ ಕಟ್ಟಿಕೊಂಡಿದೆ ಎಂದರು. ಯಾವುದೋ ಎಣ್ಣೆ ಕೊಟ್ಟು ಆರು ತಿಂಗಳು ಮಲಗಿ ಎನ್ನುತ್ತಾರೆಂದು ನಾನು ಕಾದಿದ್ದರೆ, ಅವರು ನಡೆಯಿರಿ ಎಂದರು. ದಿನವೂ ನಡೆಯಬೇಕು. ನೋವು ಬಂದರೆ ತಡೆಯುವಷ್ಟು ತಡೆದು, ಆಗದಿದ್ದಾಗ ನಿಂತು, ಪೂರ್ತಿ ಹೋದ ಮೇಲೆ ಮತ್ತೆ ಹೊರಡಬೇಕು. ಹೀಗೆ ಅರ್ಧ ಗಂಟೆ. ಚುಟ್ಟ ಇವತ್ತಿಗೇ ಬಿಡಬೇಕು. ಎರಡೂ ಮಾಡದಿದ್ದರೆ ಮುಂದೊಂದು ದಿನ ಬೆರಳು ಕಪ್ಪಾಗಿ ಕಾಲನ್ನೇ ತೆಗೆಯಬೇಕಾಗಬಹುದು ಎಂದು ಮೆಲ್ಲಗೆ ಹೇಳಿದರು. ಆ ಮೆಲ್ಲನೆಯ ಮಾತಿಗೆ ನಾನು ಹೆದರಿದಷ್ಟು ಯಾರ ಕೂಗಿಗೂ ಹೆದರಿದವನಲ್ಲ. ಬರುವ ದಾರಿಯಲ್ಲಿ ತಳಕಿನ ಹತ್ತಿರ ಚುಟ್ಟದ ಕಟ್ಟನ್ನು ಬೇಲಿಯಾಚೆ ಎಸೆದೆ.

ಹೆಂಡತಿಗೂ ಕಾಲಿನ ವಿಷಯ ಬಾಯಿಬಿಡಲಿಲ್ಲ. ಹೊಟ್ಟೆ ಕರಗಿಸಲು ನಡೆಯುತ್ತೇನೆ ಎಂದೆ. ದಿನಾ ಬೆಳಕು ಹರಿಯುತ್ತಲೇ ಕೆರೆಯ ದಿಕ್ಕಿಗೆ ಹೊರಡುವುದು, ಕಾಲು ಹಿಡಿದಲ್ಲಿ ನಿಂತು, ನೋಡಿದವರಿಗೆ ಅನುಮಾನ ಬಾರದಂತೆ ಮಳೆ ಲಕ್ಷಣ ನೋಡುವವನ ಹಾಗೆ ಆಕಾಶ ನೋಡುವುದು. ಮಾರ್ಗಶಿರದಲ್ಲಿ ಯಾವ ಮಳೆ ಎಂದು ಯಾರೂ ಕೇಳಲಿಲ್ಲ. ಒಂದು ತಿಂಗಳಿಗೆ ನೂರೆಂಬತ್ತು ಹೆಜ್ಜೆ ಇನ್ನೂರರವತ್ತಾಯಿತು. ನನ್ನ ಮೀಸೆ ಮೇಲೆ ತಿರುಗಿತು.

ಹೀಗಿರುವಾಗ ಒಂದು ಬೆಳಿಗ್ಗೆ ಕೆರೆ ಕಡೆಯಿಂದ ಬರುತ್ತಿದ್ದೇನೆ, ನಮ್ಮ ಮನೆ ಬಾಗಿಲಿಗೆ ನೇರವಾಗಿ ಬೊಮ್ಮಲಿಂಗಪ್ಪ ಮೇಷ್ಟ್ರು ನಿಂತಿದ್ದಾರೆ. ಜಗದಾಂಬ ರಂಗೋಲಿ ಹಾಕುತ್ತಿದ್ದಾಳೆ. ಮೇಷ್ಟ್ರು ಕೊಡೆ ಊರಿಕೊಂಡು ನೋಡುತ್ತಿದ್ದಾರೆ.

ಈ ಮೇಷ್ಟ್ರ ವಿಚಾರ ಒಂದಿಷ್ಟು ಹೇಳಬೇಕು. ಮೂವತ್ತೊಂದು ವರ್ಷದ ಹಿಂದೆ ತಳಕಿಗೆ ಜಗದಾಂಬನನ್ನು ನೋಡಲು ಮೊದಲು ಹೋದವರು ಅವರು, ಆಮೇಲೆ ಹೋದವನು ನಾನು. ಅವರ ಬಳಿ ವಿದ್ಯೆಯಿತ್ತು, ನನ್ನ ಬಳಿ ಮಗ್ಗವಿತ್ತು. ನಮ್ಮ ಮಾವನವರು ಮಗ್ಗವನ್ನು ಆರಿಸಿದರು. ಆಮೇಲೆ ಅವರೂ ಮದುವೆಯಾಗಿ, ಕೆಲಸದಿಂದ ನಿವೃತ್ತರಾಗಿ, ಹೆಂಡತಿಯನ್ನು ಕಳೆದುಕೊಂಡು, ನಮ್ಮ ಬೀದಿಯ ಮೇಲುಗಡೆ ಒಬ್ಬರೇ ಇದ್ದರು. ನನ್ನ ಹಾಗೆ ಹೊಟ್ಟೆಯಿಲ್ಲ. ಬಿಳೀ ರುಮಾಲು, ನೆಟ್ಟ ಬೆನ್ನು. ಮೂವತ್ತೊಂದು ವರ್ಷದಿಂದಲೂ ಆ ಬೆನ್ನನ್ನು ಕಂಡರೆ ನನಗಾಗದು.

ಮರುದಿನವೂ ಅಲ್ಲೇ ನಿಂತಿದ್ದರು. ಮೂರನೆಯ ದಿನ ಜಗದಾಂಬ ಮಜ್ಜಿಗೆ ಕೊಟ್ಟಿದ್ದಳು. ನಾಲ್ಕನೆಯ ದಿನ ಮಜ್ಜಿಗೆಯ ಜೊತೆಗೆ ಮಣೆ! ನನ್ನ ಕಾಲಿನಲ್ಲಿದ್ದ ಉರಿ ಅಂದೇ ಹೊಟ್ಟೆಗೆ ಏರಿತು. ಮೇಷ್ಟ್ರು ಯಾಕೆ ಬಂದಿದ್ದರು ಎಂದು, ಏನೂ ಅಲ್ಲವೆಂಬಂತೆ, ರುಮಾಲು ಬಿಚ್ಚುತ್ತ ಕೇಳಿದೆ. ಬಂದಿದ್ದರು, ನಿಂತಿದ್ದರು, ಹೋದರು ಎಂದಳು. ಏನು ಮಾತಾಡಿದರು ಎಂದೆ. ರಂಗೋಲಿ ಚೆನ್ನಾಗಿದೆ ಎಂದರಂತೆ. ಅಂದು ಜೀವಮಾನದಲ್ಲಿ ಮೊದಲ ಬಾರಿಗೆ ನಮ್ಮ ಬಾಗಿಲ ರಂಗೋಲಿಯನ್ನು ಬಗ್ಗಿ ನೋಡಿದೆ. ನಿಜವಾಗಿಯೂ ಚೆನ್ನಾಗಿತ್ತು. ಅದು ಇನ್ನಷ್ಟು ಉರಿಸಿತು.

ನಡೆಯಲು ಹೋದರೆ ತಾನೇ ಇವರಿಗೆ ಸಲೀಸು? ಮರುದಿನದಿಂದ ನಡಿಗೆ ಬಿಟ್ಟೆ. ಬೆಳಗಾಗುವ ಮೊದಲೇ ಎದ್ದು ಕಂಬಳಿ ಹೊದ್ದು ಜಗಲಿಯ ಮೇಲೆ ಕಾವಲು ಕೂತೆ. ನಾನಿರುವುದನ್ನು ಕಂಡಾದರೂ ಮನುಷ್ಯ ನಿಲ್ಲಬಾರದು ತಾನೇ? ನಿಂತರು. ಚಳಿ ಜಾಸ್ತಿ ಆಯಿತು ಎಂದರು. ಹೂಂ ಎಂದೆ. ರೇಷ್ಮೆ ಧಾರಣೆ ವಿಚಾರಿಸಿದರು. ಉಹೂಂ ಎಂದೆ. ಎರಡು ನಿಮಿಷ ನಿಂತು, ಒಳಗೊಮ್ಮೆ ಕಣ್ಣು ಹಾಯಿಸಿ ಹೊರಟರು. ಜಗದಾಂಬ ಒಳಗಿನಿಂದ ಬಂದು, ಮಜ್ಜಿಗೆ ತರುವಷ್ಟರಲ್ಲಿ ಹೋದರಾ ಎಂದು ಪೇಚಾಡಿದಳು. ಹೀಗೆ ಹದಿನೈದು ದಿನ. ಹೆಂಡತಿ ನೀರಿಗೆ ಹೋದರೆ ನಾನು ಬಾಗಿಲಿಗೆ, ಅವಳು ಬಾಗಿಲಿಗೆ ಬಂದರೆ ನಾನು ಬೀದಿಗೆ. ಕೂತಲ್ಲೇ ಕೂತು ಕಾಲು ಮತ್ತೆ ಜಡವಾಯಿತು. ಆದರೆ ಅನುಮಾನಕ್ಕೆ ಮೀನಖಂಡವಿಲ್ಲ ನೋಡಿ, ಎಷ್ಟು ಓಡಿದರೂ ಅದು ನಿಲ್ಲದು.

ಹದಿನಾರನೆಯ ದಿನ ತೀರ್ಮಾನಿಸಿದೆ. ಈತ ನಮ್ಮ ಮನೆಯ ಮುಂದೆ ಮಾತ್ರ ನಿಲ್ಲುತ್ತಾನೋ, ಊರಿನ ಎಲ್ಲ ಬಾಗಿಲಲ್ಲೂ ನಿಲ್ಲುತ್ತಾನೋ ನೋಡೇಬಿಡೋಣ ಎಂದು ಮೇಷ್ಟ್ರು ಹೊರಟ ಕೂಡಲೇ ಹಿಂದೆಯೇ ಹೊರಟೆ. ಅವರು ಮುಂದೆ, ನಾನು ಇಪ್ಪತ್ತು ಮಾರು ಹಿಂದೆ. ನೂರೈವತ್ತು ಹೆಜ್ಜೆಗೇ ನನ್ನ ಕಾಲು ಹಿಡಿಯಿತು. ನಿಂತೆ. ಅವರು ಕೈತಪ್ಪಿದರು ಎಂದುಕೊಂಡರೆ, ಸ್ವಲ್ಪ ಮುಂದೆ ಹೋಗಿ ಅವರೂ ನಿಂತರು. ನಾನು ಹೊರಟೆ, ಅವರೂ ಹೊರಟರು. ನಾನು ನಿಂತೆ, ಅವರೂ ನಿಂತು ಹಿಂತಿರುಗಿ ನೋಡಿದರು. ಬೇಟೆಗಾರನೂ ಜಿಂಕೆಯೂ ಸರದಿಯಲ್ಲಿ ನಿಂತು ದಣಿವಾರಿಸಿಕೊಳ್ಳುವ ಇಂಥ ಬೇಟೆ ಯಾವ ಕಾಡಿನಲ್ಲೂ ನಡೆದಿರಲಾರದು. ಈತ ನನ್ನನ್ನು ಅಣಕಿಸುತ್ತಿದ್ದಾನೆ ಎಂದು ಖಾತ್ರಿಯಾಯಿತು.

ಮೂರನೆಯ ಸಲ ನಾನು ನಿಂತದ್ದು ನೂರ್ ಅಹಮ್ಮದ್ ಸಾಹೇಬರ ಗಾಡಿಚಕ್ರ ಕಟ್ಟುವ ಕೊಟ್ಟಿಗೆಯ ಮುಂದೆ. ಆಕಾಶ ನೋಡಿದರೆ ಮೇಷ್ಟ್ರು ಕಣ್ತಪ್ಪುತ್ತಾರೆಂದು ನೆಲ ನೋಡಿದೆ. ಸಾಹೇಬರು ಸುತ್ತಿಗೆ ಬಿಟ್ಟು ಬಂದು, ಯಜಮಾನರೇ ಏನು ಬಿತ್ತು ಎಂದರು. ಬಾಯಿಗೆ ಬಂದದ್ದು ಉಂಗುರ. ಅಷ್ಟೇ ಸಾಕಾಯಿತು. ಅವರು ಮಂಡಿಯೂರಿ ಮಣ್ಣು ಕೆದಕಿದರು. ಅವರ ಮನೆಯ ಸುಗ್ರಾ ಬೀ ಪೊರಕೆ ತಂದು ಬೀದಿ ಗುಡಿಸಿದರು. ಸಂತೆಗೆ ಹೊರಟಿದ್ದ ಗಾಡಿಯೊಂದು ನಿಂತು, ಅದರಲ್ಲಿದ್ದವರೆಲ್ಲ ಇಳಿದು ಹುಡುಕತೊಡಗಿದರು. ಮೇಷ್ಟ್ರೂ ಮೆಲ್ಲಗೆ ಹಿಂದಕ್ಕೆ ಬಂದರು. ಬಂದು, ಕೊಡೆಯ ತುದಿಯಿಂದ ನನ್ನ ಕೈ ತೋರಿಸಿ, ಉಂಗುರ ಬೆರಳಿನಲ್ಲೇ ಇದೆಯಲ್ಲ ಎಂದರು.

ಬೀದಿಯೆಲ್ಲ ನನ್ನ ಬೆರಳನ್ನೇ ನೋಡಿತು. ಅವಮಾನವೂ ಹೊಟ್ಟೆಕಿಚ್ಚೂ ಒಟ್ಟಿಗೆ ಉಕ್ಕಿ, ಹದಿನೈದು ದಿನ ಕಟ್ಟಿಟ್ಟದ್ದು ಕಟ್ಟೆಯೊಡೆಯಿತು.

"ಮೇಷ್ಟ್ರೇ, ದಿನಾ ಬೆಳಿಗ್ಗೆ ನಮ್ಮನೆ ಬಾಗ್ಲಾಗೆ ನಿಂತ್ಕಂಡು ಏನ್ ನೋಡ್ತೀರಿ? ಹತ್ತು ಜನದ ಮುಂದೆ ಹೇಳ್ರಿ."

ಮೇಷ್ಟ್ರ ಮುಖ ಕೆಂಪಾಯಿತು. ಸುಗ್ರಾ ಬೀ ಪೊರಕೆ ನಿಲ್ಲಿಸಿದರು. ಮೇಷ್ಟ್ರು ತಗ್ಗಿದ ದನಿಯಲ್ಲಿ ಹೇಳಿದರು:

"ಏನ್ ನೋಡ್ಲಿ ಚಿನ್ನಯ್ಯ? ನಮ್ಮನೆಯಿಂದ ಹೊರಟ್ರೆ ಇನ್ನೂರ ನಲವತ್ತು ಹೆಜ್ಜೆಗೆ ಮೀನಖಂಡ ಹಿಡ್ಕಂತೈತೆ. ಇನ್ನೂರ ನಲವತ್ತನೇ ಹೆಜ್ಜೆಗೆ ನಿಮ್ಮನೆ ಐತೆ. ನಾನೇನ್ ಮಾಡ್ಲಿ?"

ಅವರಿಗೂ ಚಳ್ಳಕೆರೆಯ ಡಾಕ್ಟರೇ ಹೇಳಿದ್ದರಂತೆ. ನಡೆಯಬೇಕು, ನೋವು ಬಂದರೆ ನಿಲ್ಲಬೇಕು, ಹೋದ ಮೇಲೆ ಮತ್ತೆ ನಡೆಯಬೇಕು. ಊರಿಗೆ ತಿಳಿಯಬಾರದೆಂದು ಅವರೂ ಅಕ್ಕಿ ತರುವ ನೆಪದಲ್ಲಿ ಹೋಗಿಬಂದಿದ್ದರಂತೆ. ನಿಂತಾಗ ನೋಡಿದವರಿಗೆ ಅನುಮಾನ ಬಾರದಿರಲೆಂದು ರಂಗೋಲಿ ನೋಡುತ್ತಿದ್ದರಂತೆ.

ನಾನು ಏನಾದರೂ ಹೇಳಬೇಕಿತ್ತು. ತಪ್ಪಾಯಿತು ಎನ್ನಬೇಕಿತ್ತು. ಆದರೆ ನನ್ನ ಬಾಯಿಂದ ಬಂದದ್ದು, ನಿಮಗೆ ಇನ್ನೂರ ನಲವತ್ತಾ ಎಂಬ ಮಾತು. ನನ್ನದು ನೂರೈವತ್ತಕ್ಕೆ ಇಳಿದಿತ್ತಲ್ಲ! ಹೆಂಡತಿಯ ವಿಷಯದ ಹೊಟ್ಟೆಕಿಚ್ಚು ಆರುವ ಮೊದಲೇ ಹೆಜ್ಜೆಯ ಹೊಟ್ಟೆಕಿಚ್ಚು ಹತ್ತಿಕೊಂಡಿತ್ತು. ಆಮೇಲೆ ನನ್ನ ಕಾಲಿನ ಕತೆಯೂ ಹೊರಗೆ ಬಂತು. ಬೀದಿಯವರು ನಗಬಾರದೆಂದು ಎಷ್ಟು ಪ್ರಯತ್ನಪಟ್ಟರೋ ಅಷ್ಟೂ ನಕ್ಕರು. ನೂರ್ ಅಹಮ್ಮದ್ ಸಾಹೇಬರು ಮಾತ್ರ ನಗದೆ, ನಮ್ಮಿಬ್ಬರನ್ನೂ ಸಂತೆಯ ಗಾಡಿಯಲ್ಲಿ ಪಕ್ಕಪಕ್ಕ ಕೂರಿಸಿ ಮನೆಗೆ ಕಳಿಸಿದರು.

ಮೇಷ್ಟ್ರು ಅವರ ಮನೆಗೆ ಹೋದ ಮೇಲೆ ಜಗದಾಂಬನ ಮುಂದೆ ಕೂತು ಎಲ್ಲವನ್ನೂ ಒಪ್ಪಿಸಿದೆ. ಅವಳು ಅವರೆಕಾಯಿ ಸುಲಿಯುತ್ತ ಕೇಳಿದಳು. ಒಂದಕ್ಕೂ ಆಶ್ಚರ್ಯಪಡಲಿಲ್ಲ. ಮೇಷ್ಟ್ರು ಮಣೆಯ ಮೇಲೆ ಕೂತ ದಿನವೇ ಕಾಲಿನ ವಿಷಯ ಹೇಳಿ, ಯಾರಿಗೂ ಹೇಳಬೇಡ ತಾಯಿ ಎಂದು ಕೇಳಿಕೊಂಡಿದ್ದರಂತೆ. ಅದನ್ನು ಕೇಳಿದಾಗಲೇ ನನ್ನ ಕಾಲಿನದೂ ಅವಳಿಗೆ ಹೊಳೆದಿತ್ತು. ಹೊಟ್ಟೆ ಕರಗಿಸುವವನು ಮೂರನೆಯ ಮುದ್ದೆ ಕೇಳುತ್ತಾನೆಯೇ ಎಂದಳು. ಹಾಗಾದರೆ ನಾನು ಜಗಲಿಯ ಮೇಲೆ ಕಂಬಳಿ ಹೊದ್ದು ಬೇಯುತ್ತಿದ್ದಾಗ ಒಂದು ಮಾತು ಹೇಳಬಾರದಿತ್ತೇ ಎಂದೆ.

ಅವಳು ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದಳು.

"ಮೂವತ್ತೊಂದು ವರ್ಷ ಸೀರೆ ಅಂಚು ನೋಡಿದ್ರಿ. ಹದಿನೈದು ದಿನ ನನ್ನ ನೋಡಿದ್ರಿ. ನೋಡ್ಲಿ ಬಿಡು ಅಂತ ಸುಮ್ಕಿದ್ದೆ. ನಡಿಗೆ ಬಿಟ್ರಲ್ಲ, ಆಗ ತಡೀಲಿಲ್ಲ, ಅದೊಂದೇ ನನ್ನ ತಪ್ಪು."

ನಾನೂ ಮೊರಕ್ಕೆ ಕೈ ಹಾಕಿ ಅವರೆಕಾಯಿ ಸುಲಿದೆ.

ಮರುದಿನ ಬೆಳಿಗ್ಗೆ ನಾನು ರುಮಾಲು ಸುತ್ತಿಕೊಂಡು ಬಾಗಿಲಿಗೆ ಬಂದಾಗ ಮೇಷ್ಟ್ರು ತಮ್ಮ ಇನ್ನೂರ ನಲವತ್ತನೆಯ ಹೆಜ್ಜೆಯ ಮೇಲೆ ನಿಂತು ದಣಿವಾರಿಸಿಕೊಳ್ಳುತ್ತಿದ್ದರು. ಇಬ್ಬರೂ ಜೊತೆಗೇ ಹೊರಟೆವು. ಶಿವರಾತ್ರಿಯ ಬೆಟ್ಟ ಹಾಗಿರಲಿ, ಇಂದು ಈ ಮನುಷ್ಯನಿಗಿಂತ ಒಂದು ಹೆಜ್ಜೆಯಾದರೂ ಹೆಚ್ಚು ಇಡಬೇಕು ಎಂದು ನಾನು ಹಲ್ಲು ಕಚ್ಚಿ ಬೀಸುನಡಿಗೆ ತೆಗೆದೆ. ಹತ್ತು ಹೆಜ್ಜೆ ಹೋಗಿಲ್ಲ, ಹಿಂದಿನಿಂದ ಜಗದಾಂಬನ ದನಿ ಇಡೀ ಬೀದಿಗೆ ಕೇಳಿಸಿತು.

"ಮೇಷ್ಟ್ರೇ, ನಮ್ಮವರನ್ನ ಒಸಿ ಕೈ ಹಿಡ್ಕಂಡು ಕರ್ಕಂಡು ಹೋಗ್ರಿ. ಅವರಿಗೆ ನಿಮ್ಮಷ್ಟು ನಡೆಯಾಕೆ ಆಗಲ್ಲ."

ಮೇಷ್ಟ್ರು ಕೈ ಚಾಚಿದರು. ನಾನು ಹಿಡಿದುಕೊಂಡೆ.