ಭಾವನ ಇಟಲಿ

ನಮ್ಮ ಭಾವ ಹದಿನಾರು ವರ್ಷ ಇಟಲಿಯಲ್ಲಿ ಸಂಸಾರ ಮಾಡಿದವರು. ಆದರೆ ಅವರಿಗೆ ಇಟಾಲಿಯನ್ ಭಾಷೆಯ ಒಂದು ಶಬ್ದವೂ ಬಾರದು. ಪಿಜ್ಜಾ ಕಂಡರೆ ‘ಒಣಗಿದ ಉತ್ತಪ್ಪ’ ಎಂದು ಮೂಗು ಮುರಿಯುತ್ತಾರೆ. ಅವರ ಪಾಸ್‌ಪೋರ್ಟನ್ನು ತಿರುವಿ ತಿರುವಿ ನೋಡಿದರೂ ಯುರೋಪಿನ ಯಾವ ದೇಶದ ಮುದ್ರೆಯೂ ಸಿಗುವುದಿಲ್ಲ. ಇದು ಹೇಗೆ ಸಾಧ್ಯ ಎಂದು ಕೇಳುತ್ತೀರಾ? ದುಬೈಯಲ್ಲಿ ಯಾವುದು ತಾನೇ ಸಾಧ್ಯವಿಲ್ಲ!

ಊರ ಹೊರಗೆ ಇಂಟರ್‌ನ್ಯಾಷನಲ್ ಸಿಟಿ ಎಂಬ ಬಡಾವಣೆ ಇದೆ. ಬಾಡಿಗೆ ಕಡಿಮೆ ಎಂದು ನಮ್ಮಂಥವರು ಹೋಗಿ ಸೇರಿಕೊಳ್ಳುವ ಜಾಗ. ಅದನ್ನು ಕಟ್ಟಿದವರು ಒಂದೊಂದು ಗುಂಪು ಕಟ್ಟಡಕ್ಕೆ ಒಂದೊಂದು ದೇಶದ ಹೆಸರಿಟ್ಟುಬಿಟ್ಟಿದ್ದಾರೆ. ಅಕ್ಕಿ ಮುಗಿದರೆ ಫ್ರಾನ್ಸಿಗೆ ಹೋಗಿ ತರಬಹುದು, ಕ್ಷೌರಕ್ಕೆ ಗ್ರೀಸಿಗೆ ಹೋಗಬಹುದು, ಅಂಗಿ ಇಸ್ತ್ರಿಗೆ ಕೊಟ್ಟದ್ದು ರಷ್ಯಾದಲ್ಲಿ ಉಳಿದುಬಿಡಬಹುದು. ನಮ್ಮ ಅಕ್ಕ-ಭಾವನಿಗೆ ಮನೆ ಸಿಕ್ಕಿದ್ದು ಇಟಲಿಯಲ್ಲಿ, ಎರಡನೇ ಮಹಡಿಯಲ್ಲಿ. ಒಂದು ಬೆಡ್‌ರೂಮು, ಒಂದು ಹಾಲ್, ಬಟ್ಟೆ ಒಣಗಿಸಲು ಬಾಲ್ಕನಿ.

ಬೇರೆಯವರಾದರೆ ಅದನ್ನು ಬರೀ ವಿಳಾಸ ಎಂದುಕೊಳ್ಳುತ್ತಿದ್ದರು. ಭಾವ ಅದನ್ನು ಊರು ಎಂದುಕೊಂಡರು. ರಜೆಯಲ್ಲಿ ಉಡುಪಿಯ ಕಡೆ ಹೋದಾಗಲೂ ತಾನಿರುವುದು ಇಟಲಿಯಲ್ಲಿ ಎಂದೇ ಹೇಳುತ್ತಿದ್ದರು. ಅದನ್ನು ನಂಬಿ ಪಕ್ಕದ ಮನೆಯ ಕ್ರೈಸ್ತರ ಬಾಯಮ್ಮ ಮುಂದಿನ ಸಲ ಬರುವಾಗ ಪೋಪರ ಇಟಲಿಯಿಂದ ಒಂದು ಜಪಸರ ತರಬೇಕೆಂದು ಬೇಡಿಕೊಂಡರು. ಭಾವ ತಂದುಕೊಟ್ಟರು! ಅದನ್ನು ದುಬೈಯ ಊದ್ ಮೇಥಾದಲ್ಲಿ, ನಾನು ಕಲಿಸುವ ಶಾಲೆಯಿಂದ ನಾಲ್ಕು ಹೆಜ್ಜೆ ದೂರದ ಅಂಗಡಿಯಲ್ಲಿ ಕೊಂಡದ್ದು ಎಂದು ನನಗೆ ಚೆನ್ನಾಗಿ ಗೊತ್ತು. ಇದು ಮೋಸ ಅಲ್ಲವೇ ಎಂದು ಕೇಳಿದೆ. ಭಾವ ಒಂಚೂರೂ ಅಳುಕದೆ, “ಎರಡು ದಿನ ಇಟಲಿಯಲ್ಲಿ ಇಟ್ಟೇ ತಂದದ್ದು ಮಾರಾಯ್ತಿ” ಎಂದರು.

ಇನ್ನು ಫುಟ್‌ಬಾಲಿನ ವಿಷಯ. ಊರಿನಲ್ಲಿ ಅವರು ಕಬಡ್ಡಿ ಆಡಿದವರು, ವಾಲಿಬಾಲ್ ಆಡಿದವರು. ಫುಟ್‌ಬಾಲಿಗೂ ಅವರಿಗೂ ಯಾವ ಜನ್ಮದ ನಂಟೂ ಇರಲಿಲ್ಲ. ಸಾಮಾನು ಇಳಿಸಿದ ಮೊದಲ ದಿನ ಕೆಳಗಿನ ಮಲಯಾಳಿ ಕೆಫೆಟೇರಿಯಾದಲ್ಲಿ ಚಾ ಕುಡಿಯುವಾಗ ಅಲ್ಲಿನ ಟಿವಿಯಲ್ಲಿ ಇಟಲಿಯ ಒಂದು ತಂಡ ಆಡುತ್ತಿತ್ತು, ಮತ್ತು ಸೋಲುತ್ತಿತ್ತು. ಭಾವ ಅಲ್ಲೇ ನಿಂತು ಆ ತಂಡವನ್ನು ದತ್ತು ತೆಗೆದುಕೊಂಡರು. ಯಾವ ಊರಿನ ನೀರು ಕುಡಿಯುತ್ತೇವೋ ಆ ಊರಿನ ತಂಡಕ್ಕೆ ಚಪ್ಪಾಳೆ ತಟ್ಟಬೇಕು ಎಂಬುದು ಅವರ ಸಿದ್ಧಾಂತ. ಸರಿ, ಆದರೆ ಇಟಲಿಯಲ್ಲಿ ಕಪ್ಪುಗಳನ್ನು ಬಾಚಿಕೊಳ್ಳುವ ದೊಡ್ಡ ದೊಡ್ಡ ತಂಡಗಳು ಇರುವಾಗ ಈ ಬಡಪಾಯಿಯೇ ಯಾಕೆ ಎಂದರೆ ಅದಕ್ಕೂ ಉತ್ತರ ತಯಾರಿತ್ತು.

“ನಿನ್ನ ಅಕ್ಕನನ್ನೂ ಹಾಗೇ ಒಪ್ಪಿದ್ದಲ್ವಾ? ಮೊದಲು ನೋಡಿದ್ದೇ ಖಾಯಂ. ಎರಡನೆಯದು ನೋಡುವ ಕ್ರಮ ನಮ್ಮಲ್ಲಿ ಇಲ್ಲ.”

ಅಕ್ಕನ ಅದೃಷ್ಟ ಹೇಗೋ ಏನೋ, ತಂಡದ ಅದೃಷ್ಟವಂತೂ ನೆಟ್ಟಗಿರಲಿಲ್ಲ. ಭಾವ ಕೈಹಿಡಿದ ಮೇಲೆ ಅದು ಒಂದೇ ಒಂದು ಕಪ್ ಗೆಲ್ಲಲಿಲ್ಲ. ಒಂದು ಚಳಿಗಾಲದಲ್ಲಿ ತಂಡ ಅಭ್ಯಾಸಕ್ಕೆಂದು ಅಬುಧಾಬಿಗೆ ಬಂದಿತ್ತು. ಭಾವ ರಜೆ ಹಾಕಿ, ನನ್ನನ್ನೂ ಎಳೆದುಕೊಂಡು ಹೋಗಿ ಹೋಟೆಲಿನ ಬಾಗಿಲಲ್ಲಿ ನಿಂತರು. ಕೈಯಲ್ಲಿ ಹಲಸಿನಕಾಯಿ ಚಿಪ್ಸಿನ ದೊಡ್ಡ ಪೊಟ್ಟಣ. ಹೊರಗೆ ಬಂದ ಗೋಲ್‌ಕೀಪರನ ಕೈಗೆ ಅದನ್ನು ಕೊಟ್ಟು, ತಾನೂ ಇಟಲಿಯವನೇ ಎಂದು ಇಂಗ್ಲಿಷಿನಲ್ಲಿ ಪರಿಚಯ ಹೇಳಿಕೊಂಡರು. ಪಾಪ, ಆ ಎತ್ತರದ ಮನುಷ್ಯ ಬಹಳ ಸಂತೋಷಪಟ್ಟು ಇಟಲಿಯಲ್ಲಿ ಎಲ್ಲಿ ಎಂದು ವಿಚಾರಿಸಿದ. ಬಸ್ ಸ್ಟಾಪಿನ ಹಿಂದಿನ ಬ್ಲಾಕು, ಎರಡನೇ ಮಹಡಿ ಎಂದರು ಭಾವ. ಗೋಲ್‌ಕೀಪರ್ ಅರ್ಥವಾದವನಂತೆ ತಲೆಯಾಡಿಸಿ, ಪೊಟ್ಟಣ ಹಿಡಿದುಕೊಂಡು ಬಸ್ ಹತ್ತಿದ. ಮರುವಾರದ ಪಂದ್ಯದಲ್ಲಿ ಅವನು ನಾಲ್ಕು ಗೋಲು ಬಿಟ್ಟುಕೊಟ್ಟ. ಹಲಸು ಹೊಟ್ಟೆಗೆ ವಾಯು, ಅದನ್ನು ಕೊಡಬಾರದಿತ್ತು ಎಂದು ಭಾವ ಆ ಸೀಸನ್ ಮುಗಿಯುವವರೆಗೂ ಕೊರಗಿದರು.

ಇಷ್ಟೇ ಆಗಿದ್ದರೆ ಊರಿಗೊಬ್ಬ ಇಂಥ ಮನುಷ್ಯ ಇರಲಿ ಎಂದು ಸುಮ್ಮನಿರಬಹುದಿತ್ತು. ಭಾವನ ನಿಜವಾದ ಹುಚ್ಚು ಬೇರೆಯೇ ಇತ್ತು. ಇಟಲಿಯ ಲೀಗ್ ಪಂದ್ಯಗಳು ಎಷ್ಟೋ ಸಲ ನಮ್ಮ ಸಂಜೆಗೆ ಬರುತ್ತವೆ. ಆದರೆ ಅಲ್ಲಿನ ಕಪ್ ಪಂದ್ಯಗಳು, ಯುರೋಪಿನ ಪಂದ್ಯಗಳು ಶುರುವಾಗುವಾಗ ನಮ್ಮಲ್ಲಿ ಮಲಗುವ ಹೊತ್ತು. ಅವನ್ನು ಭಾವ ಯಾವತ್ತೂ ಆಗ ನೋಡುತ್ತಿರಲಿಲ್ಲ. ರೆಕಾರ್ಡ್ ಆಗಲು ಬಿಟ್ಟು ಮಲಗಿಬಿಡುತ್ತಿದ್ದರು. ನೋಡುವುದು ಮರುದಿನ ಸಂಜೆ, ಅಕ್ಕ ಪಕ್ಕದಲ್ಲಿ ಕೂತ ಮೇಲೆ. ಅಕ್ಕ ಆಸ್ಪತ್ರೆಯಲ್ಲಿ ನರ್ಸು, ಹೆಚ್ಚಾಗಿ ನೈಟ್ ಡ್ಯೂಟಿ. ಬೆಳಿಗ್ಗೆ ಬಂದು ನಿದ್ದೆ ಮಾಡಿ, ಎದ್ದು ಅಡುಗೆ ಮುಗಿಸಿ ಟಿವಿಯ ಮುಂದೆ ಕೂರುವಳು. ಅವಳಿಗೆ ಫುಟ್‌ಬಾಲಿನ ಗಂಧಗಾಳಿ ಇಲ್ಲ. ಪ್ರತಿ ಸಲವೂ, ಈ ಅಂಗಿಯವರು ನಮ್ಮವರಾ, ಆ ಅಂಗಿಯವರು ನಮ್ಮವರಾ ಎಂದು ಕೇಳುವಳು. ಭಾವ ಪ್ರತಿ ಸಲವೂ ಮೊದಲ ಸಲ ಹೇಳುವಷ್ಟೇ ತಾಳ್ಮೆಯಿಂದ ಹೇಳುವರು.

ಸರಿ, ಮರುದಿನ ಸಂಜೆಯವರೆಗೆ ಫಲಿತಾಂಶ ಕಿವಿಗೆ ಬೀಳಬಾರದಲ್ಲ? ಅದಕ್ಕಾಗಿ ಭಾವ ಮಾಡುತ್ತಿದ್ದ ವ್ರತಾಚರಣೆಯನ್ನು ಯಾವ ಮಡಿವಂತನೂ ಮಾಡಿರಲಾರ. ಫೋನು ಬಂದ್. ಕೆಫೆಟೇರಿಯಾದ ಎದುರು ನಡೆಯುವುದು ಬಂದ್. ಕಿವಿಯಲ್ಲಿ ಹತ್ತಿ. ಅವರು ಅಲ್ ಕೂಜ್‌ನ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್. ಕಂಪನಿ ಬಸ್ಸಿನಲ್ಲಿ ಪೇಶಾವರದ ಡ್ರೈವರ್ ಇವರನ್ನು ಕಂಡ ಕೂಡಲೇ ಸ್ಕೋರ್ ಹೇಳಲು ಬಾಯಿ ತೆರೆಯುತ್ತಿದ್ದ. ಅವನು ಬಾಯಿ ತೆರೆದರೆ ಭಾವ ಯಕ್ಷಗಾನದ ಭಾಗವತರ ಶೈಲಿಯಲ್ಲಿ ಏರುದನಿಯಲ್ಲಿ ಪದ ಎತ್ತುತ್ತಿದ್ದರು. ಕೆಲವು ತಿಂಗಳಲ್ಲಿ ಡ್ರೈವರ್ ಸೋತು, “ಖಲಾಸ್” ಎಂದು ಸುಮ್ಮನಾದ. ಬಸ್ಸಿನಲ್ಲಿದ್ದ ನೇಪಾಳಿಗಳಿಗೆ ಮಾತ್ರ ಪದದ ರುಚಿ ಹತ್ತಿತು. ಪಂದ್ಯ ಇಲ್ಲದ ದಿನವೂ ಹಾಡಬೇಕೆಂದು ಒತ್ತಾಯಿಸತೊಡಗಿದರು.

ಭಾವನ ಮಗಳು, ಊರಿನಲ್ಲಿ ಕಾಲೇಜು ಸೇರುವ ಮೊದಲು, ಇದನ್ನೆಲ್ಲ ನೋಡಿ ರೋಸಿಹೋಗಿ ಹೇಳುತ್ತಿದ್ದಳು: “ಡ್ಯಾಡ್, ಇಟ್ಸ್ ಓವರ್ ಆಲ್ರೆಡಿ!” ಮುಗಿದುಹೋದ ಪಂದ್ಯಕ್ಕೆ ಮರುದಿನ ದೀಪ ಹಚ್ಚಿ ದೇವರಿಗೆ ಕೈಮುಗಿಯುವ ಮನುಷ್ಯನಿಗೆ ಇನ್ನೇನು ಹೇಳುವುದು? ಭಾವ ಮಾತ್ರ ತಾನು ನೋಡುವವರೆಗೆ ಯಾವುದೂ ಮುಗಿದಂತಲ್ಲ ಎನ್ನುತ್ತಿದ್ದರು.

ಹೀಗಿರುವಾಗ ಒಂದು ಚಳಿಗಾಲದಲ್ಲಿ ಅಕ್ಕನಿಗೆ ಜೂನಿನಿಂದ ಅಬುಧಾಬಿಯ ಶಾಖೆಗೆ ವರ್ಗ ಎಂದು ಆದೇಶ ಬಂತು. ಬಡ್ತಿ, ಹಗಲು ಡ್ಯೂಟಿ. ಬೇಡವೆನ್ನುವವರು ಯಾರು? ಜೂನಿನಲ್ಲಿ ಬಾಡಿಗೆ ಕರಾರು ಮುಗಿಯುವಾಗ ಮನೆ ಖಾಲಿ ಮಾಡುವುದೆಂದು ತೀರ್ಮಾನವಾಯಿತು. ಭಾವನಿಗೂ ಖುಷಿಯೇ. ಆದರೆ ಒಂದು ಸಂಕಟ. ಇಟಲಿ ಬಿಡುವ ಮೊದಲು ತಂಡ ಒಂದು ಕಪ್ಪಾದರೂ ಎತ್ತಬೇಕು! ಮನೆ ಬಿಟ್ಟ ಮೇಲೆ ಹಿತ್ತಲಿನ ಮಾವು ಹಣ್ಣು ಬಿಟ್ಟರೆ ಯಾರಿಗೆ ಬಂತು ಎಂದು ನನ್ನನ್ನು ಕೇಳಿದರು. ನಗು ಬಂದರೂ ಅವರ ಮುಖ ನೋಡಿ ನಾನು ನಗಲಿಲ್ಲ. ಹದಿನಾರು ವರ್ಷ ಕಾದ ಮನುಷ್ಯನಿಗೆ ಉಳಿದದ್ದು ಅರ್ಧ ಸೀಸನ್.

ಆ ಸೀಸನ್ನೋ, ದೇವರಿಗೇ ಪ್ರೀತಿ. ಲೀಗಿನಲ್ಲಿ ತಂಡ ಗೆಲ್ಲುವುದನ್ನು ಮರೆತು ಡ್ರಾ ಮಾಡುವುದನ್ನೇ ಕಸುಬು ಮಾಡಿಕೊಂಡಿತ್ತು. ಇಟಲಿಯ ಕಪ್ಪಿನಲ್ಲಿ ಕೆಳಗಿನ ದರ್ಜೆಯ ಯಾವುದೋ ತಂಡ ಇವರನ್ನು ಮನೆಗೆ ಕಳಿಸಿತು. ಉಳಿದದ್ದು ಯುರೋಪು. ಅಲ್ಲಿ ಏನಾಯಿತೋ, ಕೋಲೆ ಬಸವನಂತಿದ್ದ ತಂಡ ಗೂಳಿಯಂತೆ ನುಗ್ಗತೊಡಗಿತು. ಒಂದು ಸುತ್ತು ದಾಟಿತು, ಇನ್ನೊಂದು ದಾಟಿತು. ಸೆಮಿಫೈನಲಿನಲ್ಲಿ ಕೊನೆಯ ಗಳಿಗೆಯ ಗೋಲು ಬಿದ್ದಾಗ ಭಾವ ಅಕ್ಕನನ್ನು ಎತ್ತಿ ಒಂದು ಸುತ್ತು ತಿರುಗಿಸಿ ಬೆನ್ನು ಹಿಡಿಸಿಕೊಂಡರು. ಫೈನಲ್ ಬಂದೇ ಬಂತು, ಮನೆ ಬಿಡುವ ಮುಂಚಿನ ವಾರಾಂತ್ಯಕ್ಕೆ, ಒಂದು ಶನಿವಾರ. ಅಕ್ಕನಿಗೆ ಅವತ್ತೇ ದುಬೈಯ ಕೊನೆಯ ನೈಟ್ ಡ್ಯೂಟಿ.

ಇಡೀ ಭಾನುವಾರ ಸ್ಕೋರಿನಿಂದ ಓಡಿಹೋಗಲು ಭಾವ ಉಪಾಯ ಹುಡುಕಿದರು. ಸಾಮಾನಿನ ಮೊದಲ ಕಂತನ್ನು ಅಬುಧಾಬಿಯ ಹೊಸ ಮನೆಗೆ ಸಾಗಿಸುವುದು. ಸಹಾಯಕ್ಕೆ ನಾನು. ನನ್ನ ಗ್ರಹಚಾರಕ್ಕೆ ಬೆಳಿಗ್ಗೆ ಫೋನು ತೆರೆದ ಕೂಡಲೇ ಎದುರಿಗೇ ಫಲಿತಾಂಶ ಇತ್ತು. ಸೋತಿದ್ದರು, ಪೆನಾಲ್ಟಿಯಲ್ಲಿ. ಕಾರಿನ ಹತ್ತಿರ ಹೋದರೆ, ನನ್ನ ಮುಖ ನೋಡಿದರೆ ಗೊತ್ತಾದೀತು ಎಂದು ಭಾವ ನನ್ನನ್ನು ಹಿಂದಿನ ಸೀಟಿನಲ್ಲಿ, ಮಿಕ್ಸಿ ಮತ್ತು ಪ್ರೆಶರ್ ಕುಕ್ಕರಿನ ನಡುವೆ ಕೂರಿಸಿದರು. ಕನ್ನಡಿಯನ್ನು ಕೂಡ ಮೇಲಕ್ಕೆ ತಿರುಗಿಸಿದರು! ಪೆಟ್ರೋಲ್ ಬಂಕಿನಲ್ಲಿ ಹುಡುಗರು ಫುಟ್‌ಬಾಲಿನ ಮಾತಾಡುತ್ತಿದ್ದರೆಂದು ಕಿಟಕಿ ಏರಿಸಿ ಪದ ಹಾಡಿದರು. ಹೊಸ ಮನೆಯಲ್ಲಿ ನಾನು ಹೇಳಿದ್ದಕ್ಕೆಲ್ಲ ಗೋಡೆ ನೋಡುತ್ತಾ ಉತ್ತರ ಕೊಟ್ಟರು. ಹಿಂದಿರುಗುವ ದಾರಿಯಲ್ಲಿ ಅವರ ಬೋಳಾಗತೊಡಗಿದ ತಲೆಯ ಹಿಂಭಾಗ ನೋಡುತ್ತಾ ನನಗೆ ಅಳುವೇ ಬಂತು. ಕಪ್ಪನ್ನು ಟಿವಿಯ ಮುಂದೆ ಕೂತು ಎದುರುಗೊಳ್ಳಲು ಅವರು ಹೊಸ ಅಂಗಿ ಹಾಕಿಕೊಂಡಿದ್ದರು.

ಇಟಲಿ ತಲುಪುವಾಗ ಬಿಸಿಲು ಇಳಿದಿತ್ತು. ಮೆಟ್ಟಿಲು ಹತ್ತುತ್ತಿದ್ದೆವು. ಮೊದಲ ಮಹಡಿಯಲ್ಲೇ ಮೇಲಿನಿಂದ ಕೋಳಿ ಗಸಿಯ ಪರಿಮಳ ಬಂತು, ಹುರಿದ ಮೆಣಸು, ತೆಂಗಿನಕಾಯಿಯದ್ದು. ಭಾವ ಹಾಗೆಯೇ ನಿಂತುಬಿಟ್ಟರು. ಮೆಟ್ಟಿಲ ಪಕ್ಕದ ಕಂಬಿ ಹಿಡಿದುಕೊಂಡರು.

“ಸೋತರು” ಎಂದರು.

ನನಗೆ ಗಾಬರಿಯಾಯಿತು. ನಾನು ಬಾಯಿ ಬಿಟ್ಟಿಲ್ಲ, ಯಾರು ಹೇಳಿದರು ಎಂದು ಕೇಳಿದೆ.

“ನಿನ್ನ ಅಕ್ಕ. ಅವಳಿಗೆ ಪ್ರತಿ ಸಲ ಆಸ್ಪತ್ರೆಯಲ್ಲೇ ಗೊತ್ತಾಗ್ತದೆ, ವಾರ್ಡಿನಲ್ಲಿ ಟಿವಿ ಉಂಟಲ್ಲ. ಸೋತ ದಿನ ನನಗೆ ಬೇಜಾರಾಗ್ತದೆ ಅಂತ ಈ ಕೋಳಿ ಗಸಿ ಹಾಕಿ ಕೋರಿ ರೊಟ್ಟಿ ಮಾಡ್ತಾಳೆ. ಗೆದ್ದ ದಿನ ಗಂಜಿ, ಚಟ್ನಿ. ಗೆದ್ದ ಖುಷಿಯಲ್ಲೇ ಹೊಟ್ಟೆ ತುಂಬ್ತದೆ ಅಂತ ಅವಳ ಅಂದಾಜು.”

ಹಾಗಾದರೆ ಈ ಹತ್ತಿ, ಈ ಹಾಡು, ಈ ಹಿಂದಿನ ಸೀಟು ಎಲ್ಲ ಯಾಕೆ ಭಾವ ಎಂದೆ. ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು.

ಭಾವ ಒಂದು ಮೆಟ್ಟಿಲು ಇಳಿದು ನನ್ನ ಹತ್ತಿರ ಬಂದರು. “ನಾನು ಹಗಲು, ಅವಳು ರಾತ್ರಿ. ಇಷ್ಟು ವರ್ಷ ನಾವು ಬಾಗಿಲಲ್ಲಿ ಸಿಕ್ಕಿದ್ದೇ ಹೆಚ್ಚು ಮಾರಾಯ್ತಿ. ನನಗೆ ಸ್ಕೋರ್ ಗೊತ್ತುಂಟು ಅಂತಾದ್ರೆ ಅವಳು ನಿದ್ದೆ ಬಿಟ್ಟು ಯಾಕೆ ಕೂರ್ತಾಳೆ? ಇವರಿಗೆ ಗೊತ್ತಿಲ್ಲ, ಕಾಯ್ತಾ ಇದ್ದಾರೆ ಅಂತ ಕೂರ್ತಾಳೆ. ಒಂದೂವರೆ ಗಂಟೆ ನನ್ನ ಪಕ್ಕ. ನೀನು ಹೇಳ್ಬೇಡ.”

ಬಾಗಿಲು ತೆಗೆದ ಅಕ್ಕ ಏನೂ ಅರಿಯದವಳಂತೆ ನಕ್ಕಳು. ಭಾವ ಏನೂ ಅರಿಯದವರಂತೆ, ಇವತ್ತು ಕಪ್ ನಮ್ಮದೇ ಎಂದು ಘೋಷಿಸಿ ಚಾಪೆಯ ಮೇಲೆ ಕೂತರು. ಸೋಫಾ ಮಾರಿ ಆಗಿತ್ತು. ಮೂವರೂ ಗೊತ್ತಿರುವ ಸೋಲನ್ನು ನೋಡಿದೆವು. ಒಬ್ಬರಿಗೊಬ್ಬರು ಅದನ್ನು ಮುಚ್ಚಿಟ್ಟುಕೊಂಡು ನೋಡಿದೆವು. ಭಾವ ಕೂಗಿದರು, ರೆಫರಿಗೆ ತುಳುವಿನಲ್ಲಿ ಬೈದರು, ಗೋಲು ಬಿದ್ದಾಗ ಕುಣಿದರು. ನಟನೆಯೋ ಎಂದುಕೊಂಡೆ. ಅಲ್ಲ. ಅವರು ನಿಜವಾಗಿಯೂ ಆಸೆಪಡುತ್ತಿದ್ದರು. ಅಕ್ಕ, ಈ ಅಂಗಿಯವರು ನಮ್ಮವರಾ ಎಂದು ಕೇಳಿದಳು. ಕೊನೆಯ ಪೆನಾಲ್ಟಿ ಕಂಬಕ್ಕೆ ಬಡಿದಾಗ ಅವಳ ಕೈ ಅವರ ಮೊಣಕಾಲ ಮೇಲಿತ್ತು.

ಭಾವ ಟಿವಿ ಆರಿಸಿ ಊಟಕ್ಕೆ ಕೂತರು. ಅಕ್ಕ ಬಡಿಸಲು ಬಂದವಳು ಸುಮ್ಮನೆ ಅಳತೊಡಗಿದಳು. ಇಲ್ಲಿರುವಾಗ ಒಂದು ಸಲ, ಒಂದೇ ಒಂದು ಸಲ ಇವರು ಗೆಲ್ಲಬೇಕಿತ್ತು, ನಿಮಗಾಗಿ ಗೆಲ್ಲಬೇಕಿತ್ತು ಎಂದಳು. ಅವಳನ್ನು ಸಮಾಧಾನಪಡಿಸುವ ಅವಸರದಲ್ಲಿ, ರೊಟ್ಟಿ ಮುರಿಯುತ್ತಾ ಭಾವ ಹೇಳಿಬಿಟ್ಟರು:

“ಗೆದ್ದಿದ್ರೆ ಇವತ್ತು ಗಂಜಿಯೇ ಗತಿ ಇತ್ತಲ್ಲ ಮಾರಾಯ್ತಿ.”

ಅಕ್ಕನ ಕೈಯ ಸೌಟು ಅಲ್ಲೇ ನಿಂತಿತು. ಅವಳು ನನ್ನ ಮುಖ ನೋಡಿದಳು, ನಾನು ತಟ್ಟೆ ನೋಡಿದೆ.

“ಯಾವಾಗಿಂದ ಗೊತ್ತು ನಿಮಗೆ?” ಎಂದಳು.

“ಸುರುವಿಂದ” ಎಂದರು ಭಾವ, ತಲೆ ಎತ್ತದೆ.

ಅಕ್ಕ ಸೌಟನ್ನು ಪಾತ್ರೆಗೆ ಬಿಟ್ಟಳು. ಗಸಿಯ ಪಾತ್ರೆಯನ್ನು ಕೆಳಗಿಟ್ಟಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಟಿವಿಯಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಆದರೂ ಬಂದು ಅವರ ಪಕ್ಕದಲ್ಲೇ ಕೂತಳು.